ಅರ್ಧ ಸಂಬಳದ ರಜೆ

ಬ್ಯಾಂಕು ಗುಮಾಸ್ತನ ರಜೆಗಳಲ್ಲಿ ಮುಖ್ಯವಾಗಿ ಮೂರು ಜಾತಿ. ವರ್ಷಕ್ಕೆ 12 ದಿನದ ಸಾಂದರ್ಭಿಕ ರಜೆ ಒಂದು. ಇದು ಮದುವೆ, ಉಪನಯನ, ಭೂತಕೋಲ, ಬೊಜ್ಜ ಎಂದು ಹೇಳುವಷ್ಟರಲ್ಲಿ ಮುಗಿದುಹೋಗುತ್ತದೆ. ಹನ್ನೊಂದು ದಿನ ದುಡಿದರೆ ಒಂದು ದಿನದಂತೆ ಕೂಡಿಬರುವ ಪ್ರಿವಿಲೇಜ್ ರಜೆ ಇನ್ನೊಂದು; ಇದನ್ನು ಮಗಳ ಮದುವೆಗೋ ಮನೆ ಕಟ್ಟುವುದಕ್ಕೋ ಬೇಕಾದೀತೆಂದು ಜಿಪುಣರಂತೆ ಕಾಪಾಡಿಕೊಂಡು ಬರುತ್ತೇವೆ. ಮೂರನೆಯದೇ ಕಾಯಿಲೆಯ ರಜೆ. ಸೇವೆಯ ವರ್ಷಕ್ಕೆ ಒಂದು ತಿಂಗಳಂತೆ ಇದು ಬೆಳೆಯುತ್ತದೆ, ಆದರೆ ಸಿಗುವುದು ಅರ್ಧ ಸಂಬಳ. ಪೂರ್ತಿ ಸಂಬಳ ಬೇಕೆಂದರೆ ಒಂದು ದಿನದ ರಜೆಗೆ ಲೆಕ್ಕದಿಂದ ಎರಡು ದಿನ ಕಳೆಯುತ್ತಾರೆ. ಈ ಲೆಕ್ಕ ಹಾಕಿದವರು ಯಾರೋ ತಿಳಿಯದು, ಅಪ್ಪಟ ಬ್ಯಾಂಕಿನವರೇ ಇರಬೇಕು.

ನನ್ನ ಕಾಯಿಲೆಯ ರಜೆ, ಒಮ್ಮೆ ಕಾಮಾಲೆ ಬಂದಾಗ ತೆಗೆದುಕೊಂಡದ್ದು ಬಿಟ್ಟರೆ, ಮುಟ್ಟದ ಠೇವಣಿಯಂತೆ ಹಾಗೆಯೇ ಇತ್ತು. 2024ರ ಡಿಸೆಂಬರಿನಲ್ಲಿ ಅದರಿಂದ ಹದಿನೈದು ದಿನ ತೆಗೆದೆ, ಅಂದರೆ ಲೆಕ್ಕದಲ್ಲಿ ಮೂವತ್ತು. ಜ್ವರ ಇರಲಿಲ್ಲ, ಕೈಕಾಲು ಮುರಿದಿರಲಿಲ್ಲ. ಆದ್ದರಿಂದ ‘ಎಂತ ಸೀಕು ಮಾರಾಯ್ರೆ?’ ಎಂದು ಕೇಳಿದವರಿಗೆಲ್ಲ ಏನು ಹೇಳಬೇಕೆಂಬುದೇ ಒಂದು ಸೀಕಾಯಿತು. ಆ ಪ್ರಶ್ನೆಗೆ ಉತ್ತರ ಬರೆಯೋಣವೆಂದು ಈಗ ಕುಳಿತಿದ್ದೇನೆ.

ಕೌಂಟರಿನ ಕೆಲಸವೆಂದರೆ ಏನೆಂದು ಎಲ್ಲರಿಗೂ ಗೊತ್ತು; ಕ್ಯೂನಲ್ಲಿ ನಿಲ್ಲದವರು ಯಾರಿದ್ದಾರೆ? ಗೊತ್ತಿಲ್ಲದ್ದು ಇನ್ನೊಂದುಂಟು. ಗ್ರಾಹಕರು ಬಳಸುವ ಚಲನು, ಅರ್ಜಿ ಮುಂತಾದ ಅಚ್ಚಿನ ಕಾಗದಗಳೆಲ್ಲ ಇಂಗ್ಲಿಷ್, ಹಿಂದಿ ಮತ್ತು ಆ ಪ್ರದೇಶದ ಭಾಷೆ, ಹೀಗೆ ಮೂರರಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆ. ಒಳ್ಳೆಯ ಸೂಚನೆಯೇ. 1956ರ ನವೆಂಬರ್ 1ರಿಂದ ನಾವು ಕೇರಳದವರು, ಆದ್ದರಿಂದ ಪ್ರದೇಶದ ಭಾಷೆ ಮಲಯಾಳ. ಅದಕ್ಕೂ ನನ್ನ ತಕರಾರಿಲ್ಲ. ಆದರೆ ನಮ್ಮ ಶಾಖೆಗೆ ಬರುವ ಮುದುಕರಲ್ಲಿ ಬಹಳ ಮಂದಿಗೆ ಈ ಮೂರೂ ಓದಲು ಬಾರದು. ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ, ಅದೂ ನಾಲ್ಕನೆಯ ಐದನೆಯ ಕ್ಲಾಸಿನ ತನಕ. ಚಲನಿನಲ್ಲಿ ಇಲ್ಲದ ಆ ನಾಲ್ಕನೆಯ ಭಾಷೆ ನಮ್ಮ ಶಾಖೆಯಲ್ಲಿ ಎಲ್ಲಿದೆ ಎಂದರೆ ಎರಡನೆಯ ಕೌಂಟರಿನಲ್ಲಿ, ನನ್ನ ಬಾಯಲ್ಲಿ.

ಮೊದಲು ಕನ್ನಡ ಬಲ್ಲವರು ನಾವು ಮೂವರಿದ್ದೆವು. ಒಬ್ಬರು ನಿವೃತ್ತರಾದರು, ಇನ್ನೊಬ್ಬರಿಗೆ ಬಡ್ತಿ ಸಿಕ್ಕಿ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ತೆಂಕಣ ಜಿಲ್ಲೆಗಳ ಎಳೆಯರು, ಬುದ್ಧಿವಂತರು, ಕಂಪ್ಯೂಟರಿನಲ್ಲಿ ನನಗಿಂತ ಎರಡು ಪಾಲು ಚುರುಕು. ಆದರೆ ಕ್ಯೂ ಮಾತ್ರ ಅವರ ಮುಂದೆ ನಿಲ್ಲದೆ ನನ್ನ ಮುಂದೆಯೇ ಬೆಳೆಯುತ್ತಿತ್ತು. ಪಕ್ಕದ ಕೌಂಟರು ಖಾಲಿ ಉಂಟಲ್ಲ ಅಜ್ಜಾ ಎಂದರೆ, ‘ಪರವಾಗಿಲ್ಲ, ನಾನು ನಿಮ್ಮ ಹತ್ತಿರವೇ ಆಗುತ್ತೇನೆ’ ಎಂಬ ಉತ್ತರ. ಇದರಲ್ಲಿ ಪ್ರೀತಿ ಉಂಟು, ಹೆದರಿಕೆಯೂ ಉಂಟು. ನಮ್ಮವನೊಬ್ಬ ಬ್ಯಾಂಕಿನಲ್ಲಿ ಇದ್ದಾನೆ ಎಂಬ ಮಾತಿನ ಬೆಲೆ ಗಡಿನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನನಗೂ ಅದು ಹೆಮ್ಮೆಯಾಗಿಯೇ ಇತ್ತು.

ಕೆಲಸ ಬೆಳೆದದ್ದು ಹೇಗೆ ಎಂದರೆ, ಒಂದೊಂದೇ ಕಾಗದವಾಗಿ. 2014ರಲ್ಲಿ ಜನಧನ ಖಾತೆ. ಆಮೇಲೆ ಆಧಾರ್ ಜೋಡಣೆ, ಕೆವೈಸಿ, ಮತ್ತೊಮ್ಮೆ ಕೆವೈಸಿ. ಐತಪ್ಪ ಎಂಬ ಹೆಸರು ಆಧಾರಿನಲ್ಲಿ ಇಂಗ್ಲಿಷಿನ ‘ಎ’ಯಿಂದ ಶುರುವಾದರೆ ಪಾಸ್‌ಪುಸ್ತಕದಲ್ಲಿ ‘ಐ’ಯಿಂದ, ರೇಷನ್ ಕಾರ್ಡಿನ ಮಲಯಾಳದಲ್ಲಿ ಮೂರನೆಯ ರೂಪ. ಮೂರೂ ನಾನೇ ಎಂದು ಆ ಮನುಷ್ಯ ಎದುರಿನಲ್ಲೇ ನಿಂತು ಹೇಳಿದರೂ ಯಂತ್ರ ಒಪ್ಪುವುದಿಲ್ಲ. 2019 ಮತ್ತು 2020ರಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಶನ್ ಎಂಬ ಕರಾವಳಿಯ ಹಳೆಯ ಹೆಸರುಗಳು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದಾಗ, ಯಾವ ಬ್ಯಾಂಕಿನಲ್ಲಿ ಖಾತೆ ಇದ್ದವರೂ ಬಂದು ‘ನಮ್ಮ ದುಡ್ಡು ಉಂಟಲ್ಲ ಮಗಾ?’ ಎಂದು ಕೇಳಿದರು. ಇನ್ನು ನವೆಂಬರ್ ಬಂತೆಂದರೆ ಪಿಂಚಣಿದಾರರ ಜೀವಿತ ಪ್ರಮಾಣ. ತಾನು ಬದುಕಿದ್ದೇನೆಂದು ಯಂತ್ರದ ಮೇಲೆ ಬೆರಳಿಟ್ಟು ತೋರಿಸಬೇಕು. ವರ್ಷಗಟ್ಟಲೆ ಬೀಡಿ ಸುತ್ತಿ, ಅಡಿಕೆ ಸುಲಿದು ಸವೆದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಹೆಬ್ಬೆರಳು ಆಗದಿದ್ದರೆ ತೋರುಬೆರಳು, ಅದೂ ಆಗದಿದ್ದರೆ ಒರೆಸಿ ಇನ್ನೊಮ್ಮೆ. ಅಷ್ಟು ಹೊತ್ತೂ ಅವರನ್ನು ಹೆದರಬೇಡಿ ಎಂದು ಮಾತನಾಡಿಸುತ್ತ ಇರಬೇಕು.

ಶಾಖೆಗೆ ಎಷ್ಟು ಜನ ಬೇಕೆಂಬುದನ್ನು ವಹಿವಾಟು ನೋಡಿ ನಿಶ್ಚಯಿಸುತ್ತಾರೆ. ಐನೂರು ರೂಪಾಯಿ ತೆಗೆಯಲು ಬಂದ ಅಜ್ಜಿಗೆ ಇಪ್ಪತ್ತು ನಿಮಿಷ ಹಿಡಿದರೂ ಕಂಪ್ಯೂಟರಿನಲ್ಲಿ ಅದು ಒಂದೇ ವೋಚರು. ಉಳಿದ ಮಾತುಕತೆ ಯಾವ ರಿಜಿಸ್ಟರಿನಲ್ಲೂ ಇಲ್ಲ. ಇಷ್ಟರ ನಡುವೆ ವಿಮೆ ಮಾರುವ ಗುರಿ ಬೇರೆ. 2024ರ ವೇತನ ಒಪ್ಪಂದದಲ್ಲಿ ನಮಗೆ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಎಂಬ ಹೊಸ ಹೆಸರು ಬಂತು. ಊರಿನವರ ಬಾಯಲ್ಲಿ ನಾನು ಈಗಲೂ ಬ್ಯಾಂಕಿನ ಸಾರ್.

2016ರ ನವೆಂಬರ್ 8ರ ನೋಟು ರದ್ದತಿಯ ದಿನಗಳಲ್ಲಿ ಇದಕ್ಕಿಂತ ಹೆಚ್ಚು ದುಡಿದಿದ್ದೇವೆ. ರಾತ್ರಿ ಹತ್ತಕ್ಕೆ ಮನೆ ಸೇರಿದ್ದುಂಟು. ಆದರೆ ಬಿದ್ದಲ್ಲಿ ನಿದ್ರೆ ಬರುತ್ತಿತ್ತು. ಆ ಕಷ್ಟ ಎಲ್ಲರದಾಗಿತ್ತು, ಡಿಸೆಂಬರ್ 30 ಎಂಬ ಕೊನೆಯ ದಿನವೊಂದು ಅದಕ್ಕಿತ್ತು. ಈಗಿನದ್ದಕ್ಕೆ ಕೊನೆಯ ದಿನವೇ ಇಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಯಾರದೋ ಕೆವೈಸಿ ಬಾಕಿಯಾದದ್ದು ನೆನಪಾಗಿ, ಬೆಳಗಿನ ತನಕ ಜಂತಿ ನೋಡುತ್ತ ಮಲಗುವುದು ಅಭ್ಯಾಸವಾಯಿತು. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತಿತ್ತು. ಮನೆಯಲ್ಲಿ ಯಾರಾದರೂ ಎರಡು ಸಲ ಒಂದೇ ಪ್ರಶ್ನೆ ಕೇಳಿದರೆ ಮೈ ಉರಿಯುತ್ತಿತ್ತು. ಕೊನೆಗೊಂದು ಮಧ್ಯಾಹ್ನ, ದಿನವೂ ಬರುವ ಒಬ್ಬ ಅಜ್ಜ ‘ಇದರಲ್ಲಿ ಎಂತ ಬರೆದಿದ್ದಾರೆ, ಓದಿ ಹೇಳಿ’ ಎಂದು ಕಾಗದ ಚಾಚಿದರು. ಅಕ್ಷರ ಕಾಣುತ್ತಿತ್ತು, ಅರ್ಥವೂ ಆಗುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು, ‘ಸಾರ್, ನೀವು ಸ್ವಲ್ಪ ನೀರು ಕುಡಿಯಿರಿ’ ಎಂದರು.

ನಮ್ಮ ಜಿಲ್ಲೆಯಲ್ಲಿ ಕಾಯಿಲೆ ಎಂಬ ಮಾತಿಗೆ ಭಾರ ಹೆಚ್ಚು. 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಫಲ ಉಣ್ಣುತ್ತಿರುವ ಮಕ್ಕಳ ತಾಯಂದಿರು, ಪಿಂಚಣಿ ಬಂತೇ ಎಂದು ಕೇಳಲು ಇದೇ ಕೌಂಟರಿಗೆ ಬರುತ್ತಾರೆ. ಅವರೆದುರು ಗಟ್ಟಿಮುಟ್ಟಾದ ನಾನು ‘ನನಗೆ ಆಗುವುದಿಲ್ಲ’ ಎನ್ನುವುದು ಹೇಗೆ? ಎರಡು ವಾರ ಇದೇ ಸಂಕೋಚದಲ್ಲಿ ಕಳೆಯಿತು. ಕೊನೆಗೆ ನನ್ನನ್ನು ಡಾಕ್ಟರ ಬಳಿಗೆ ಹೊರಡಿಸಿದವಳು ಹೆಂಡತಿ.

ಡಾಕ್ಟರು ಮಲಯಾಳದವರು. ‘ಎಂದಾ ಪ್ರಶ್ನಂ?’ ಎಂದು ಕೇಳಿದರು. ‘ಕ್ಷೀಣಂ’ ಎಂದೆ. ನಮ್ಮ ಕನ್ನಡದಲ್ಲಿ ಕ್ಷೀಣವೆಂದರೆ ಸಾಯುವವನ ಉಸಿರಿನ ಹಾಗೆ ಕೇಳುತ್ತದೆ. ಮಲಯಾಳದಲ್ಲಿ ಅದು ದಿನನಿತ್ಯದ ದಣಿವು. ಪುಸ್ತಕದ ಕನ್ನಡದಲ್ಲಿ ‘ಒತ್ತಡ’ ಎಂಬ ಮಾತುಂಟು, ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಭಾಷಣ ಮಾಡಿದಂತೆ. ರಕ್ತದೊತ್ತಡ ನೋಡಿದರು, 160-100. ನಿದ್ರೆಯ ಬಗ್ಗೆ, ಕೆಲಸದ ಬಗ್ಗೆ ಸಾವಧಾನವಾಗಿ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಕಾಯಿಲೆಗಳ ಪಟ್ಟಿಯಲ್ಲಿ ‘ಬರ್ನ್ ಔಟ್’ ಎಂಬುದೂ ಉಂಟಂತೆ. ತೀರದ ದಣಿವು, ಕೆಲಸದ ಬಗ್ಗೆ ಬೇಸರ, ಮಾಡಿದ್ದು ಸಾಲದೆಂಬ ಭಾವ, ಇವು ಅದರ ಗುರುತುಗಳು. ಆದರೆ ಅದು ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಆ ಪಟ್ಟಿಯೇ ಹೇಳುತ್ತದೆ. ಕಾಯಿಲೆಯಲ್ಲದ್ದಕ್ಕೆ ಕಾಯಿಲೆಯ ರಜೆ ಸಿಗುತ್ತದೆಯೇ? ಡಾಕ್ಟರು ಸರ್ಟಿಫಿಕೇಟಿನಲ್ಲಿ ರಕ್ತದೊತ್ತಡ ಮತ್ತು ನಿದ್ರಾಹೀನತೆ ಎಂದು ಬರೆದರು. ಎರಡೂ ನಿಜ.

ಮ್ಯಾನೇಜರು ಒಳ್ಳೆಯವರು. ಕಾಗದ ಓದಿ, ಆರೋಗ್ಯ ನೋಡಿಕೊಳ್ಳಿ ಎಂದರು. ಆಮೇಲೆ ಬಾಗಿಲಿನ ಹೊರಗಿನ ಕ್ಯೂ ನೋಡಿ, ‘ಸಾರೇ, ನಿಂಙಳ್ ಪೋಯಾಲ್ ಕನ್ನಡ ಆರು ಪರಯುಂ?’ ಎಂದು ಕೇಳಿದರು. ನೀವು ಹೋದರೆ ಕನ್ನಡ ಮಾತಾಡುವುದು ಯಾರು? ಅವರು ಚುಚ್ಚಿ ಹೇಳಿದ್ದಲ್ಲ, ನಿಜವಾಗಿ ಗಾಬರಿಯಾಗಿದ್ದರು. ಸರ್ಟಿಫಿಕೇಟಿನಲ್ಲಿ ಬರೆಯಬೇಕಾಗಿದ್ದದ್ದು ಅದೇ ಮಾತೆಂದು ನನಗನಿಸಿತು. ಇಡೀ ಊರಿನ ಭಾಷೆಯನ್ನು ಒಬ್ಬ ಗುಮಾಸ್ತನ ರಕ್ತದೊತ್ತಡದ ಮೇಲೆ ನಿಲ್ಲಿಸಿ ಶಾಖೆ ನಡೆಸುವುದು ಸರಿಯಲ್ಲ. ಕನ್ನಡ ಬೇಕೆಂಬುದು ನಮ್ಮವರ ನ್ಯಾಯವಾದ ಬೇಡಿಕೆ. ಅದನ್ನು ಈಡೇರಿಸಬೇಕಾದದ್ದು ಸಂಸ್ಥೆ. ನಾವು ಪ್ರೀತಿಯಿಂದ ಅದನ್ನು ಹೊತ್ತುಕೊಂಡಷ್ಟು ಕಾಲ ಸಂಸ್ಥೆಗೆ ಅದರ ಭಾರವೇ ತಿಳಿಯುವುದಿಲ್ಲ.

ರಜೆಯ ಮೊದಲ ಮೂರು ದಿನ ಬರೇ ಮಲಗಿದೆ, ನಿದ್ರೆ ಬರಲಿಲ್ಲ. ನಾಲ್ಕನೆಯ ದಿನ ನೆರೆಯವರೊಬ್ಬರು ವಿಚಾರಿಸಲು ಬಂದರು. ಜೇಬಿನಲ್ಲಿ ಪಾಸ್‌ಪುಸ್ತಕ ಇತ್ತು. ಮರುದಿನ ಇಬ್ಬರು, ಫೋನಿಗೆ ಬಂದ ಮಲಯಾಳದ ಮೆಸೇಜು ಓದಿಸಿಕೊಳ್ಳಲು. ವಾರ ಮುಗಿಯುವುದರೊಳಗೆ ನಮ್ಮ ಜಗಲಿ ಮೂರನೆಯ ಕೌಂಟರಾಗುವ ಲಕ್ಷಣ ಕಂಡಿತು. ಆಗ ಅಮ್ಮ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತರು. ಎಂತ ಸೀಕು ಎಂದು ಕೇಳಿದವರಿಗೆ, ‘ಬಚ್ಚೆಲ್, ಬೇತೆ ದಾಲಾ ಇಜ್ಜಿ’ ಎಂದು ತುಳುವಿನಲ್ಲಿ ಉತ್ತರ. ದಣಿವು, ಬೇರೇನೂ ಇಲ್ಲ. ಗದ್ದೆ ಉತ್ತು ಬಂದವನಿಗೂ ಬಾಣಂತಿಗೂ ಕೋಲ ಕಟ್ಟಿ ಮುಗಿಸಿದವನಿಗೂ ಅವರು ಹೇಳುವುದು ಇದೇ ಮಾತು. ಕೇಳಿದವರು ತಲೆಯಾಡಿಸಿ ಹೋದರು, ಮತ್ತೆ ಯಾರೂ ವಿವರ ಕೇಳಲಿಲ್ಲ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಬೆಳಗ್ಗೆ ಬಿಸಿಲೇರುವ ಮೊದಲು ಅದನ್ನು ಮಗುಚುವುದನ್ನು ನಾನು ವಹಿಸಿಕೊಂಡೆ. ಹತ್ತನೆಯ ರಾತ್ರಿ ಆರು ಗಂಟೆ ಒಂದೇ ಸಮನೆ ನಿದ್ರಿಸಿದೆ.

ಮರಳಿ ಕೆಲಸಕ್ಕೆ ಹೋದಾಗ ಶಾಖೆ ಮುಳುಗಿರಲಿಲ್ಲ. ಕೋಯಿಕ್ಕೋಡಿನ ಕಡೆಯ ಹುಡುಗಿ, ನನ್ನ ಪಕ್ಕದ ಕೌಂಟರಿನವಳು, ಹದಿನೈದು ದಿನದಲ್ಲಿ ಒಂದು ಪಟ್ಟಿ ಮಾಡಿಕೊಂಡಿದ್ದಳು. ಹೆಬ್ಬೆಟ್ಟು, ಸಹಿ, ಬಾಕಿ, ನಾಳೆ, ಕನ್ನಡಕ, ಹೀಗೆ ಮೂವತ್ತು ಕನ್ನಡ ಶಬ್ದಗಳು, ಮಲಯಾಳ ಲಿಪಿಯಲ್ಲಿ. ಕಲಿಸಿದವರು ಕ್ಯೂನಲ್ಲಿ ನಿಂತವರೇ. ನನ್ನೆದುರಿಗೇ ಒಬ್ಬರು ಅಜ್ಜಿಗೆ ‘ಅಜ್ಜಿ, ಇಲ್ಲಿ ಹೆಬ್ಬೆಟ್ಟು ಒತ್ತು’ ಎಂದಳು. ಅಜ್ಜಿ ನಕ್ಕು, ‘ಒತ್ತು ಅಲ್ಲ ಮಗಾ, ಒತ್ತಿ ಅಂತ ಹೇಳಬೇಕು’ ಎಂದು ತಿದ್ದಿದರು. ಅವಳು ಪಟ್ಟಿಯಲ್ಲೂ ತಿದ್ದಿಕೊಂಡಳು.

ನಾನು ಕನ್ನಡದಲ್ಲಿ ತುಂಬಿಸಿದ ಚಲನಿನ ಮಾದರಿಯೊಂದನ್ನು ರಟ್ಟಿಗೆ ಅಂಟಿಸಿ ಗೋಡೆಗೆ ತೂಗಿಸಿದ್ದೇನೆ. ಕನ್ನಡ ಬಲ್ಲ ಇನ್ನೊಬ್ಬರು ಬೇಕೆಂದು ಬರೆದ ಅರ್ಜಿ ಮ್ಯಾನೇಜರ ಶಿಫಾರಸಿನೊಂದಿಗೆ ಮೇಲೆ ಹೋಗಿದೆ, ಉತ್ತರ ಬಂದಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಚಹಾಕ್ಕೆಂದು ಏಳುತ್ತೇನೆ. ‘ಸಾರ್, ಎಲ್ಲಿಗೆ?’ ಎಂದು ಕ್ಯೂನಲ್ಲಿದ್ದವರು ಕೇಳುತ್ತಾರೆ. ಪಕ್ಕದ ಕೌಂಟರು ತೋರಿಸುತ್ತೇನೆ. ಕೆಲವರು ಹೋಗುತ್ತಾರೆ. ಕೆಲವರು ನಾನು ಬರುವ ತನಕ ಅಲ್ಲೇ ಕಾಯುತ್ತಾರೆ.