ಒಗರು

ಮದ್ಯದ ವಿಷಯವಾಗಿ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲ. 63 ವರ್ಷ ತುಂಬುವವರೆಗೆ ನಾನು ಅದನ್ನು ನಾಲಗೆಗೆ ಮುಟ್ಟಿಸಿದವನಲ್ಲ. ಮುಟ್ಟಿಸಿದ ಮೇಲೂ ಎಲ್ಲ ಸೇರಿ ಎರಡು ಲೋಟವನ್ನು ಮೀರಿದವನಲ್ಲ. ಆದರೂ ಒಂದು ಶೀಸೆಯ ಕಥೆಯನ್ನು ಓದುಗರ ಮುಂದಿಡಬೇಕಾಗಿದೆ. ಆ ಶೀಸೆ ಪೋರ್ಚುಗಲ್ ದೇಶದಿಂದ ಹೊರಟು ಹುನಗುಂದ ಸೀಮೆಯ ಮರೋಳಕ್ಕೆ ಬಂದು, ನಮ್ಮ ಅವ್ವನ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು, ನಮ್ಮ ನಾಲ್ಕೆಕರೆ ಹೊಲದ ಹಣೆಬರಹವನ್ನು ತೀರ್ಮಾನಿಸಿತು.

ನನ್ನ ಮಗನು ಲಿಸ್ಬನ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ಅಕ್ಟೋಬರಿನಲ್ಲಿ ನಾನೂ ನನ್ನ ಶ್ರೀಮತಿಯೂ ಅವನಲ್ಲಿಗೆ ಹೋಗಿದ್ದೆವು. ನಮ್ಮ ಕಡೆಯವರು ದಿನವೂ ಆಡುವ ಚಾವಿ, ಬಟಾಟಿ, ಪಗಾರ ಎಂಬ ಮಾತುಗಳು ಆ ದೇಶದವು. ನಮ್ಮ ರೊಟ್ಟಿಯ ಜೊತೆಗಾರನಾದ ಮೆಣಸಿನಕಾಯಿಯನ್ನು ಹಡಗಿನಲ್ಲಿ ಹೊತ್ತು ತಂದವರೂ ಅವರೇ. ಹೀಗಾಗಿ ಪರದೇಶವಾದರೂ ತೀರ ಪರಕೀಯವೆನಿಸಲಿಲ್ಲ.

ಒಂದು ರವಿವಾರ ಮಗನು ನಮ್ಮನ್ನು ಆಲೆಂತೇಜು ಎಂಬ ಪ್ರಾಂತಕ್ಕೆ ಕರೆದೊಯ್ದನು. ಆ ಬಯಲನ್ನು ಕಂಡೊಡನೆ ನನಗೆ ನಮ್ಮ ಊರೇ ನೆನಪಾಯಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಕಣ್ಣು ಹರಿಯುವವರೆಗೂ ಒಣ ನೆಲ. ಒಂದು ಕಾಲಕ್ಕೆ ದೇಶದ ಗೋದಿಯ ಕಣಜವೆನಿಸಿದ್ದ ಸೀಮೆ ಅದು. ನಡುನಡುವೆ ಬೂಚಿನ ಮರಗಳು. ಒಂಬತ್ತು ವರ್ಷಕ್ಕೊಮ್ಮೆ ಮರದ ತೊಗಟೆಯನ್ನು ಸುಲಿದು ಶೀಸೆಗಳ ಬೂಚು ಮಾಡುತ್ತಾರೆ. ಜಗತ್ತಿನ ಬೂಚಿನಲ್ಲಿ ಸುಮಾರು ಅರ್ಧದಷ್ಟು ಈ ಚಿಕ್ಕ ದೇಶದ್ದೇ. ಉಳಿದೆಡೆಯೆಲ್ಲ ದ್ರಾಕ್ಷಿ.

ಮಗನ ಸ್ನೇಹಿತನೊಬ್ಬನ ಮನೆಯಲ್ಲಿ ಮಧ್ಯಾಹ್ನದ ಊಟ. ಮೇಜಿನ ಮೇಲೆ ರೊಟ್ಟಿಯಂತೆ ಗಟ್ಟಿಯಾದ ಬ್ರೆಡ್ಡು, ಆಲಿವ್ ಕಾಯಿ, ಕಡಲೆಯ ಪಲ್ಯ, ಜೊತೆಗೆ ಕೆಂಪು ವೈನಿನ ಒಂದು ಶೀಸೆ. ಅಜ್ಜಿಯೂ ಮೊಮ್ಮಕ್ಕಳೂ ಅದೇ ಪಂಕ್ತಿಯಲ್ಲಿದ್ದರು. ಬೇಡವೆನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯ ಅಜ್ಜಿ ನನ್ನ ಲೋಟಕ್ಕೆ ನಾಲ್ಕು ಬೆರಳಿನಷ್ಟು ಸುರಿದಾಗಿತ್ತು. ವಯಸ್ಸಾದ ಹೆಂಗಸು ಬಡಿಸಿದ್ದನ್ನು ಬಿಟ್ಟೇಳುವುದು ನಮ್ಮ ಸಂಪ್ರದಾಯವಲ್ಲ. ಕುಡಿದೆ.

ಸಿಹಿಯಾಗಿರಬಹುದೆಂದು ನಾನು ಎಣಿಸಿದ್ದೆ. ಪೋರ್ಚುಗಲ್ಲಿನ ಪೋರ್ತು ನಗರದ ಹೆಸರು ಹೊತ್ತ ಪೋರ್ಟ್ ವೈನು ಸಿಹಿಯೆಂದು ಗೋವೆಗೆ ಹೋಗಿಬಂದ ಗೆಳೆಯರಿಂದ ಕೇಳಿದ್ದೆನಷ್ಟೆ. ಆದರೆ ಇದರಲ್ಲಿ ಸಿಹಿಯ ಸುಳಿವಿರಲಿಲ್ಲ. ನೇರಳೆ ಹಣ್ಣು ತಿಂದಾಗ ನಾಲಗೆ ಹಿಡಿದಂತಾಗುವುದಲ್ಲವೇ, ಆ ಒಗರು. ಹಿಂದಿನಿಂದ ಮೆಲ್ಲಗೆ ಹಣ್ಣಿನ ವಾಸನೆ. ಮಗನು ವಿವರಿಸಿದ: ಕಪ್ಪು ದ್ರಾಕ್ಷಿಯನ್ನು ಸಿಪ್ಪೆಯ ಸಮೇತ ಹುದುಗಿಸುತ್ತಾರೆ; ಸಿಪ್ಪೆಯಿಂದಲೇ ಬಣ್ಣ, ಸಿಪ್ಪೆಯಿಂದಲೇ ಒಗರು. ರಸದ ಸಕ್ಕರೆಯನ್ನೆಲ್ಲ ಹುದುಗು ತಿಂದು ಮುಗಿಸಿದರೆ ಇಂಥ ಸಿಹಿಯಿಲ್ಲದ ವೈನು. ನಡುವೆಯೇ ದ್ರಾಕ್ಷಿಯ ಸಾರಾಯಿಯನ್ನು ಬೆರೆಸಿ ಹುದುಗನ್ನು ತಡೆದರೆ ಸಕ್ಕರೆ ಉಳಿದು ಪೋರ್ಟ್ ಆಗುತ್ತದೆ.

ಬೆಲೆ ಕೇಳಿ ಬೆರಗಾದೆ. ಐದು ಯೂರೋಗೂ ಕಡಿಮೆ! ಇಷ್ಟು ಅಗ್ಗವಾಗಿ ಹೇಗೆ ಬರುತ್ತದೆಂದರೆ, ಅಲ್ಲಿ ರೈತರ ಸಹಕಾರಿ ಸಂಘಗಳಿವೆ. ಬೋರ್ಬಾ ಎಂಬ ಊರಿನ ಸಂಘ 1955ರಲ್ಲಿ ಹುಟ್ಟಿದ್ದು. ತುಂಡು ಹೊಲದವರೂ ತಮ್ಮ ಹಣ್ಣನ್ನು ಒಂದೇ ಕಣಕ್ಕೆ ಸುರಿಯುತ್ತಾರೆ. 1905ರಲ್ಲಿಯೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಸೀಮೆಯಿಂದ ಹೋದ ನನಗೆ ಇದು ಹಿಡಿಸಿತು. ತಮ್ಮನಿಗೆ ತೋರಿಸಬೇಕೆಂದು ಅಂಥದೊಂದು ಶೀಸೆಯನ್ನು ಕೊಂಡೆ.

ತೋರಿಸುವುದಕ್ಕೆ ಕಾರಣವಿತ್ತು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ 24,000 ಹೆಕ್ಟೇರಿಗೆ ಹನಿಹನಿಯಾಗಿ ಹಾಯಿಸುವ ರಾಮಥಾಳ-ಮರೋಳ ಯೋಜನೆಯ ಕೊಳವೆಗಳು ನಮ್ಮ ಎರೆಹೊಲಕ್ಕೂ ಬಂದಿದ್ದವು. ಬಿಳಿಜೋಳ ಬಿಟ್ಟು ಬೇರೆ ಕಾಣದ ನೆಲದಲ್ಲಿ ತಮ್ಮನು ವೈನಿನ ದ್ರಾಕ್ಷಿ ಹಚ್ಚಬೇಕೆಂದು ಹಟ ಹಿಡಿದಿದ್ದ. ದಲ್ಲಾಳಿಯೊಬ್ಬನು ಬಂದು ಕರಾರಿನ ಮಾತನ್ನೂ ಆಡಿ ಹೋಗಿದ್ದ. ಆದರೆ ಹೊಲದ ಉತಾರ ಅವ್ವನ ಹೆಸರಿನಲ್ಲಿದೆ, ಅವ್ವ ಒಲ್ಲೆನೆಂದಿದ್ದಳು.

ಅವಳು ಏಕೆ ಒಲ್ಲೆನೆಂದಳೆಂಬುದು ನಮಗೆ ಗೊತ್ತು. ನಮ್ಮ ಅಪ್ಪ ಸಾರಾಯಿಯಿಂದ ಸತ್ತವರು. 1978ರಲ್ಲಿ ಅವರು ತೀರಿಕೊಂಡಾಗ ಮನೆಯಲ್ಲಿ ಎತ್ತುಗಳಿರಲಿಲ್ಲ, ಅವ್ವನ ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ. ಕೂಲಿಗೆ ಹೋಗಿ, ರಾತ್ರಿ ಇಳಕಲ್ಲಿನ ನೇಕಾರರಿಗೆ ನೂಲು ಸುತ್ತಿ ಆಕೆ ನಮ್ಮನ್ನು ಓದಿಸಿದಳು. 2007ರ ಜುಲೈ 1ರಂದು ಸರಕಾರ ಸಾರಾಯಿಯನ್ನು ನಿಲ್ಲಿಸಿದಾಗ ಆಕೆ ದೇವರಿಗೆ ಎಣ್ಣೆ ಹಾಕಿ, "ಮೂವತ್ತು ವರ್ಷ ತಡಾ ಆತು" ಎಂದಿದ್ದಳು. ಅದೇ ವರ್ಷ ಅದೇ ಸರಕಾರ ದ್ರಾಕ್ಷಿ ಮತ್ತು ವೈನಿನ ನೀತಿಯನ್ನೂ ಹೊರಡಿಸಿತೆಂಬುದನ್ನು ನಾವು ಆಕೆಗೆ ಹೇಳಿರಲಿಲ್ಲ.

ಶೀಸೆಯನ್ನು ತಮ್ಮನ ಕೋಣೆಯಲ್ಲಿ ಅಡಗಿಸಬೇಕೆಂದಿದ್ದೆ. ನನ್ನ ಪೆಟ್ಟಿಗೆಯಿಂದ ಅರಿವೆ ತೆಗೆಯುತ್ತಿದ್ದ ಅವ್ವನ ಕೈಗೇ ಅದು ಸಿಕ್ಕಿತು. 86 ವರ್ಷದ ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ನೀನೂ ಕುಡದೀಯೇನೋ ಯಪ್ಪಾ?" ಎಂದಳು.

ಸುಳ್ಳಾಡಲು ಬಾಯಿ ಬರಲಿಲ್ಲ. "ಕುಡದೆ, ಅವ್ವಾ. ಒಂದ ಲೋಟ. ಊಟದಾಗ."

"ಎಲ್ಲಾರೂ ಕುಂತಿದ್ರೇನು?"

"ಅಜ್ಜಿ, ಸೊಸಿ, ಮೊಮ್ಮಕ್ಕಳು, ಎಲ್ಲಾರೂ."

"ಅಲ್ಲಿ ಕುಡದು ಮನಿ ಹಾಳ ಮಾಡಿದವರು ಇಲ್ಲೇನು?"

ಈ ಪ್ರಶ್ನೆಯನ್ನು ನಾನೂ ಆ ಅಜ್ಜಿಗೆ ಮಗನ ಮೂಲಕ ಕೇಳಿದ್ದೆ. ಆಕೆ ಬಾಗಿಲ ಕಡೆ ನೋಡಿ, ತನ್ನ ತಂದೆ ಕೂಲಿಯ ಹಣವನ್ನೆಲ್ಲ ಹೆಂಡದಂಗಡಿಗೆ ಸುರಿದವನೆಂದು ಹೇಳಿದ್ದಳು. ಅದನ್ನು ಅವ್ವನಿಗೆ ತಿಳಿಸಿದೆ. ಎಷ್ಟು ಕಡಿಮೆ ಕುಡಿದರೂ ಅಪಾಯವಿಲ್ಲವೆನ್ನಲಾಗದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರುವುದನ್ನೂ ಮುಚ್ಚಿಡಲಿಲ್ಲ. ತಮ್ಮನು ನನ್ನನ್ನು ಸಿಟ್ಟಿನಿಂದ ನೋಡಿದ. ಅವನ ವಕೀಲಿಕೆಗೆ ಬಂದವನು ಎದುರು ಪಕ್ಷದ ಸಾಕ್ಷಿಯಾಗಿದ್ದೆ!

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಊಟಕ್ಕ ಕುಂತಾಗ ತೆಗೀರಿ. ನನ್ನ ಮುಂದ ಕುಡೀರಿ. ಕದ್ದು ಕುಡಿಯೂದು ಈ ಮನ್ಯಾಗ ಭಾಳ ಆಗೇತಿ" ಎಂದಳು.

ಆ ರಾತ್ರಿ ಬಿಸಿ ರೊಟ್ಟಿ, ಬದನೆಯ ಎಣಗಾಯಿ, ಶೇಂಗಾ ಚಟ್ನಿ. ಎರಡು ಸ್ಟೀಲಿನ ವಾಟಗದಲ್ಲಿ ಸ್ವಲ್ಪ ಸ್ವಲ್ಪ ಸುರಿದೆವು. ಆ ಬಣ್ಣ ಅವ್ವನ ಸೀರೆಯ ತೋಪತೆನಿ ಸೆರಗಿನದೇ ಆಗಿತ್ತು. ಎಣಗಾಯಿಯ ಎಣ್ಣೆ-ಖಾರವನ್ನು ಆ ಒಗರು ನಾಲಗೆಯಿಂದ ತೊಳೆದಂತಾಗುತ್ತಿತ್ತು. ಹೊಂದಿಕೆ ಚೆನ್ನಾಗಿಯೇ ಇತ್ತೆಂದು ಒಪ್ಪಬೇಕು. ಆದರೆ ನಮ್ಮಿಬ್ಬರಿಗೂ ಅದು ಸಲೀಸಾಗಿ ಇಳಿಯಲಿಲ್ಲ. ಅವ್ವ ನಮ್ಮ ಮುಖಗಳನ್ನೇ ನೋಡುತ್ತ ಕುಳಿತಿದ್ದಳು. ಯಾರನ್ನು ಹುಡುಕುತ್ತಿದ್ದಳೆಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಕೈತೊಳೆದ ಮೇಲೆ ಆಕೆ ತಮ್ಮನನ್ನು ಕೇಳಿದಳು: "ಈ ದ್ರಾಕ್ಷಿ ತಿನ್ನಾಕ ಬರತೈತೇನು?"

"ಇಲ್ಲವ್ವಾ. ಸಣ್ಣ ಹಣ್ಣು, ದಪ್ಪ ಸಿಪ್ಪಿ, ಬೀಜ. ಸಂತ್ಯಾಗ ಯಾರೂ ತಗೊಳ್ಳೂದಿಲ್ಲ."

"ಹಂಗಾರ ಆ ಕಾರಖಾನ್ಯಾವ ಬ್ಯಾಡಂದ ದಿನ ಏನ ಮಾಡ್ತಿ? ನಮ್ಮಲ್ಲಿ ಅಣ್ಣ ಹೇಳಿದಂಥಾ ಸಂಘ ಐತೇನು?"

ತಮ್ಮನಲ್ಲಿ ಉತ್ತರವಿರಲಿಲ್ಲ. "ಒಬ್ಬನ ಗಿರಾಕಿ ಇರೂ ಬೆಳಿ ಬ್ಯಾಡ. ನಿಮ್ಮಪ್ಪ ಎತ್ತು ಮಾರಿದಾಗ್ಲೂ ಒಬ್ಬನ ಗಿರಾಕಿ ಇದ್ದ. ಕೇಳಿದ ರೇಟಿಗೆ ಕೊಟ್ಟ. ಬಿಜಾಪುರದ ಕಡೆ ಒಣದ್ರಾಕ್ಷಿ ಮಾಡ್ತಾರಲ್ಲ, ಅಂಥಾದ್ದು ಹಚ್ಚು. ಮಾರಲಿಲ್ಲಂದ್ರ ಮನ್ಯಾಗರ ಇರತೈತಿ."

ಅರ್ಧ ಶತಮಾನದ ನೋವು ಮಾತಾಡುವುದೆಂದು ನಾವು ಹೆದರಿದ್ದರೆ, ಆಕೆಯಿಂದ ಬಂದುದು ವ್ಯವಹಾರದ ಮಾತು. ಆ ನೋವಿಗೆ ಹೊರಬರಲು ಅದೊಂದೇ ದಾರಿಯಿತ್ತೋ ಏನೋ. ಸದ್ಯ ಎರಡೆಕರೆಯಲ್ಲಿ ಬೀಜವಿಲ್ಲದ ಬಿಳಿ ದ್ರಾಕ್ಷಿಯ ಬಳ್ಳಿ ತಂತಿ ಹಿಡಿದಿದೆ. ಉಳಿದ ಎರಡರಲ್ಲಿ ಜೋಳವೇ.

ಶೀಸೆಯಲ್ಲಿ ಉಳಿದುದನ್ನು ಮರುದಿನ ಹಿತ್ತಲಿಗೆ ಚೆಲ್ಲಿದೆವು. ಖಾಲಿ ಶೀಸೆಯನ್ನು ಅವ್ವ ಬಿಸಾಡಗೊಡಲಿಲ್ಲ. ಬೂದಿ ಹಚ್ಚಿ ತೊಳೆದು, ಬಿಸಿಲಿಗೆ ಒಣಗಿಸಿ, ಕುಸುಬಿ ಎಣ್ಣೆ ತುಂಬಿ, ಆಲೆಂತೇಜಿನ ಮರದ ಬೂಚನ್ನು ಬಿಗಿಯಾಗಿ ಹಾಕಿಟ್ಟಿದ್ದಾಳೆ. "ಬೂಚು ಮಾತ್ರ ಭಾಳ ಚಲೋ ಮಾಡ್ತಾರ" ಎಂದು ಬಂದವರಿಗೆಲ್ಲ ಹೇಳುತ್ತಾಳಂತೆ.