ಸಂಗಮದಿಂದ ಸಮುದ್ರಕ್ಕೆ

"ಬರೀ ಹೋಗಕ್ಕಾ, ಹೋಗಿ ಬರಕ್ಕಾ? ತಲೆಗೆಷ್ಟು? ನಡುವೆ ದಿಣ್ಣೇಲಿ ಇಳಿದ್ರೆ ಕಾಯ್ತೀಯಾ, ಇಲ್ಲಾ ಅದಕ್ಕೆ ಬೇರೆ ಕೇಳ್ತೀಯಾ?"

ತಿರುಮಕೂಡಲಿನ ಸೋಪಾನಕಟ್ಟೆಯ ಕೊನೆಯ ಮೆಟ್ಟಿಲ ಮೇಲೆ ಪಂಚೆ ಎತ್ತಿ ಕಟ್ಟಿ ನಿಂತ ಭಾವ, ಹರಿಗೋಲಿನವನಿಗೆ ಒಂದರ ಹಿಂದೊಂದು ಪ್ರಶ್ನೆ ಹಾಕುತ್ತಿದ್ದಾರೆ. ಒಂದು ಕಡೆಯಿಂದ ಕಾವೇರಿ, ಇನ್ನೊಂದು ಕಡೆಯಿಂದ ನಮ್ಮ ನಂಜನಗೂಡು ದಾಟಿ ಬಂದ ಕಪಿಲೆ. ಆಚೆ ದಡದಲ್ಲಿ ಗುಂಜಾ ನರಸಿಂಹಸ್ವಾಮಿ ಗುಡಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಟಿ. ನರಸೀಪುರದವರ ನಂಬಿಕೆ; ದೇವರ ಕೈಯಲ್ಲೇ ಗುಲಗಂಜಿ ಇದೆ. ಅಂಥ ಊರಿನ ಮನುಷ್ಯ ಭಾವ. ಸಹಕಾರ ಸಂಘದಲ್ಲಿ ಲೆಕ್ಕ ಬರೆದೇ ನಿವೃತ್ತರಾದವರು. ದರ ಕುದುರುವ ತನಕ ಅವರ ಕಾಲು ಹರಿಗೋಲಿಗೆ ತಾಗುವುದಿಲ್ಲ.

ಕುದುರಿತು. ಹತ್ತುತ್ತೇವೆ. ಹರಿಗೋಲು ಗಿರ್ರನೆ ಒಂದು ಸುತ್ತು ತಿರುಗುತ್ತದೆ. ಅಕ್ಕನ ಅತ್ತೆ ಅಂಚು ಹಿಡಿದು "ನಂಜುಂಡಪ್ಪಾ" ಅನ್ನುತ್ತಾರೆ.

"ಇದಕ್ಕೇ ಹಿಂಗಂದ್ರೆ ಹಡಗಲ್ಲಿ ಏನ್ ಮಾಡ್ತೀರತ್ತೆ?" ಅಕ್ಕ ನಗುತ್ತಾಳೆ.

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ಹಡಗಿನ ವಿಚಾರ ಗಟ್ಟಿಯಾಗುವುದು ಅದೇ ಸಂಜೆ, ಅವರ ಮನೆಯ ಜಗಲಿ ಮೇಲೆ. ಏಜೆಂಟ್ ಕಳಿಸಿದ ಬಣ್ಣದ ಚಿತ್ರ ಅಕ್ಕನ ಮಗಳ ಮೊಬೈಲಿನಲ್ಲಿದೆ. ದೊಡ್ಡ ಅಕ್ಷರದಲ್ಲಿ ಒಂದು ದರ, ಅದರ ಪಕ್ಕ ಕಣ್ಣಿಗೆ ಕಾಣದಷ್ಟು ಚಿಕ್ಕ ನಕ್ಷತ್ರ. ಭಾವ ಕನ್ನಡಕ ಏರಿಸಿ ಮೊದಲು ನೋಡುವುದೇ ಆ ನಕ್ಷತ್ರವನ್ನು. ಹಳೇ ಡೈರಿಯ ಹಾಳೆ ಹರಿದು ಬರೆಯುತ್ತಾರೆ: ಟಿಕೆಟ್ಟು, ಬಂದರು ಶುಲ್ಕ, ಸಿಬ್ಬಂದಿಯ ಸೇವಾ ಶುಲ್ಕ, ಜಿಎಸ್‌ಟಿ. ಆಮೇಲೆ ಫೋನು ಸ್ಪೀಕರಿಗೆ ಹಾಕಿಸುತ್ತಾರೆ.

"ಸ್ವಾಮಿ, ಆಫರ್ ಎಲ್ಲ ಆಮೇಲೆ ಹೇಳಿ. ಐದು ಜನಕ್ಕೆ ಎಲ್ಲಾ ಸೇರಿ ಕಡೆಗೆ ಕಟ್ಟೋದೆಷ್ಟು? ಅದೊಂದು ವಾಟ್ಸಾಪಲ್ಲಿ ಬರೆದು ಕಳಿಸಿಬಿಡಿ."

ಬಂದ ಮೊತ್ತ ಚಿತ್ರದಲ್ಲಿದ್ದುದಕ್ಕಿಂತ ಎಷ್ಟೋ ಮೇಲಿದೆ. ಅಕ್ಕನ ಮುಖ ಸಣ್ಣದಾಗುತ್ತದೆ. ಭಾವನದು ಇಲ್ಲ, ನಿಜವಾದ ಲೆಕ್ಕ ಸಿಕ್ಕಿತಲ್ಲ ಎಂಬ ಸಮಾಧಾನ. ಆ ಮೊತ್ತದಲ್ಲಿ ಸೇರದ್ದೇನು ಅಂತ ಇನ್ನೊಂದು ಪಟ್ಟಿ ಶುರುವಾಗುತ್ತದೆ: ದ್ವೀಪದಲ್ಲಿ ಇಳಿಯುವ ಪ್ರವಾಸ, ಮದ್ಯ, ತಂಪು ಪಾನೀಯ, ವೈಫೈ, ಬಟ್ಟೆ ಒಗೆತ, ಹಡಗಿನ ಡಾಕ್ಟರು. ಮುಂಬೈನಲ್ಲಿ ಹಿಂದಿನ ರಾತ್ರಿಯ ಲಾಡ್ಜ್ ಖರ್ಚೂ ಈ ಎರಡನೇ ಪಟ್ಟಿಯೊಳಗೇ ಬರುತ್ತದೆ. ಮೈಸೂರಿಂದ ದಾದರಿಗೆ ಹೋಗುವ ಶರಾವತಿ ಎಕ್ಸ್‌ಪ್ರೆಸ್ ಇರುವುದು ವಾರಕ್ಕೊಮ್ಮೆ. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ. ಒಂದು ದಿನ ಮೊದಲೇ ಹೋಗಿ ತಂಗುವುದು ದುಂದು ಅಂತ ಅಕ್ಕನಿಗೆ ಅನ್ನಿಸುತ್ತಿದೆ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಅತ್ಯಂತ ಲಾಭದ ಖರ್ಚು ಅದೇ.

ಕೋಣೆಯ ಚರ್ಚೆ ಕಾಫಿ ಎರಡು ಸುತ್ತು ಬರುವ ತನಕ ನಡೆಯುತ್ತದೆ. ಒಂದೇ ಕೋಣೆಯಲ್ಲಿ ಮೂರನೆಯವರಿಗೆ, ನಾಲ್ಕನೆಯವರಿಗೆ ದರ ಇಳಿಯುತ್ತದೆ, ನಿಜ. ಆದರೆ ಅವರ ಮಂಚ ಗೋಡೆಯಿಂದ ಕೆಳಗೆ ಬಿಚ್ಚಿಕೊಳ್ಳುವಂಥದ್ದು, ಏಣಿ ಹತ್ತಬೇಕು. ಮಂಡಿನೋವಿನ ಅತ್ತೆಗೆ ಅದಾಗದು. ಹಾಗಾಗಿ ಎರಡು ಕೋಣೆ. ಎರಡೂ ಒಳಗಿನವು, ಕಿಟಕಿ ಇಲ್ಲದವು, ಎಲ್ಲಕ್ಕಿಂತ ಅಗ್ಗದವು. ಬಾಲ್ಕನಿ ಬೇಕೆಂದು ಅಕ್ಕನ ಮಗಳ ಹಟ. "ಸಮುದ್ರ ನೋಡಕ್ಕೆ ಮೇಲ್ಗಡೆ ಡೆಕ್ಕಿಲ್ವಾ, ಅದಕ್ಕೇನ್ ಬಾಡಿಗೆನಾ?" ಅನ್ನುತ್ತಾರೆ ಭಾವ. ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲೇ ಕೋಣೆ ಕೇಳುತ್ತೇವೆ. ತೂಗಾಟ ಕಡಿಮೆ ಇರುವುದು ಅಲ್ಲಿ. ದಸರಾ ರಜೆ, ಕ್ರಿಸ್‌ಮಸ್ ವಾರ ಎರಡನ್ನೂ ಬಿಟ್ಟು ದಿನ ಹುಡುಕಿದರೆ ದರವೂ ಇಳಿಯುತ್ತದೆ, ಬಫೆಯ ಸಾಲೂ ಚಿಕ್ಕದಾಗುತ್ತದೆ.

ಈಗ ಮುಂಬೈನ ಬ್ಯಾಲಾರ್ಡ್ ಪಿಯರ್. ಬೆವರು, ಟ್ರಾಲಿಗಳ ಗಡಗಡ, ಹಿಂದಿ, ಗುಜರಾತಿ, ಮರಾಠಿಯ ಗದ್ದಲ. ಗೇಟಿನಾಚೆ ಎದ್ದು ನಿಂತಿರುವ ಬಿಳಿ ಗೋಡೆಯೇ ಹಡಗು ಎಂದು ತಿಳಿಯಲು ಅತ್ತೆಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಎಂಪ್ರೆಸ್. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ರಾಯಲ್ ಕೆರಿಬಿಯನ್ ಕಂಪನಿಗಾಗಿ ತಯಾರಾದದ್ದು, ಆಗ ನಾರ್ಡಿಕ್ ಎಂಪ್ರೆಸ್. 2021ರ ಸೆಪ್ಟೆಂಬರ್‌ನಿಂದ ಕಾರ್ಡೆಲಿಯಾ ಕ್ರೂಸಸ್ ಇದನ್ನು ಮುಂಬೈಯಿಂದ ಓಡಿಸುತ್ತಿದೆ. ಹನ್ನೊಂದು ಅಂತಸ್ತು, 211 ಮೀಟರ್ ಉದ್ದ. "ನಮ್ಮ ಶ್ರೀಕಂಠೇಶ್ವರನ ದೇವಸ್ಥಾನವೇ ಇದರೊಳಗೆ ಹೋಗತ್ತೇನೋ" ಅನ್ನುತ್ತಾರೆ ಅತ್ತೆ. ಪೂರ್ತಿ ಹೋಗಲಾರದು, ಹಾಗಂತ ವಾದಿಸುವ ಸಮಯವೂ ಇದಲ್ಲ.

ದೊಡ್ಡ ಬ್ಯಾಗುಗಳಿಗೆ ಚೀಟಿ ಕಟ್ಟಿ ಇಲ್ಲೇ ಕೊಟ್ಟುಬಿಡಬೇಕು. ಅವು ಕೋಣೆಗೆ ಬರುವುದು ಸಂಜೆಗೆ. ಬಿಪಿ ಮಾತ್ರೆ, ಒಂದು ಜೊತೆ ಬಟ್ಟೆ, ಆಧಾರ್ ಕಾರ್ಡು, ಪರವಾನಗಿ ಕಾಗದ ಕೈಚೀಲದಲ್ಲೇ ಇವೆ. ಲಕ್ಷದ್ವೀಪದಲ್ಲಿ ಕಾಲಿಡಲು ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಅದಕ್ಕೆ ಕೇಳುವ ದಾಖಲೆಯನ್ನು ಟಿಕೆಟ್ ಮಾಡಿಸಿದ ದಿನವೇ ಕೊಟ್ಟುಬಿಟ್ಟರೆ ಕೊನೆ ಗಳಿಗೆಯ ಓಡಾಟ ತಪ್ಪುತ್ತದೆ. ಸ್ಕ್ಯಾನಿಂಗ್ ಯಂತ್ರದ ಬಾಯಿಂದ ನಮ್ಮ ಚೀಲಗಳು ಹೊರಬರುತ್ತಿವೆ. ಹೊರಗಿನ ಊಟ ತಿಂಡಿ ಹಡಗಿಗೆ ಬಿಡುವುದಿಲ್ಲವೆಂದು ಮೊದಲೇ ಓದಿದ್ದರಿಂದ ಕೋಡುಬಳೆ ಡಬ್ಬಿ ರೈಲಿನಲ್ಲೇ ಖಾಲಿ. ರಸಬಾಳೆ ಹೇಗೂ ಇಷ್ಟು ದಿನ ನಿಲ್ಲುವ ಹಣ್ಣಲ್ಲ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ಲು ತಂದ ಹಿಂದಿನವರು ಪಕ್ಕಕ್ಕೆ ನಿಂತು ವಾದಿಸುತ್ತಿದ್ದಾರೆ. ಅತ್ತೆಯ ನಂಜನಗೂಡು ಹಲ್ಲುಪುಡಿ ಮಾತ್ರ ಯಾರ ಪ್ರಶ್ನೆಯೂ ಇಲ್ಲದೆ ದಾಟುತ್ತದೆ.

ಕೌಂಟರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಕೊಡುತ್ತಾರೆ. ಇಡೀ ಹಡಗಿನಲ್ಲಿ ಜೋಪಾನವಾಗಿ ನೋಡಿಕೊಳ್ಳಬೇಕಾದ ವಸ್ತು ಇದೊಂದೇ. ಕೋಣೆಯ ಬೀಗ ತೆಗೆಯುವುದೂ ಇದೇ, ದುಡ್ಡು ಕಟ್ಟುವುದೂ ಇದೇ. ನೋಟು ಎಣಿಸಿ ಕೊಡುವಾಗ ಕೈ ತಡೆಯುತ್ತದೆ. ಕಾರ್ಡು ತೋರಿಸಿ ಸಹಿ ಹಾಕುವಾಗ ತಡೆಯುವುದೇ ಇಲ್ಲ. ಹಡಗಿನವರಿಗೆ ಅದು ಚೆನ್ನಾಗಿ ಗೊತ್ತು.

ಭಾವ ಕೌಂಟರಿಗೆ ಬಾಗುತ್ತಾರೆ. "ಮಗು ಕಾರ್ಡಿಗೆ ಖರ್ಚು ಬಂದ್ ಮಾಡಿ. ಬೀಗಕ್ಕೆ ಮಾತ್ರ ಇರಲಿ. ನಮ್ಮಿಬ್ಬರದಕ್ಕೂ ಇಷ್ಟು ಅಂತ ಮಿತಿ ಹಾಕಿ."

"ಅಪ್ಪಾ!" ಅಂತ ಹುಡುಗಿ ನೆಲ ಒದೆಯುತ್ತಾಳೆ.

ಅಷ್ಟರಲ್ಲಿ ಮೈಕಿನಲ್ಲಿ ಕರೆ. ಎಲ್ಲರೂ ತಮ್ಮ ಗೊತ್ತಾದ ಜಾಗಕ್ಕೆ ಬಂದು ಲೈಫ್ ಜಾಕೆಟ್ ತೊಡುವುದು ಕಲಿಯಬೇಕು. ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಂಡು ಒಳಗೇ ಉಳಿಯುವ ಅಂದಾಜಿನಲ್ಲಿದ್ದಾರೆ. ಉಳಿಯಬಾರದು. 2012ರ ಜನವರಿ 13ರ ರಾತ್ರಿ ಇಟಲಿಯ ದಡದಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು ವಾಲಿದಾಗ, ಅದೇ ಸಂಜೆ ಹತ್ತಿದ್ದ ನೂರಾರು ಜನರಿಗೆ ಈ ಕವಾಯತು ಇನ್ನೂ ಆಗಿರಲಿಲ್ಲ. ಆ ದುರಂತದಲ್ಲಿ 32 ಜನ ಸತ್ತರು. 2015ರಿಂದ ಹಡಗು ಹೊರಡುವ ಮೊದಲು ಇಲ್ಲವೇ ಹೊರಟ ಕೂಡಲೇ ಕವಾಯತು ನಡೆಸುವುದು ಜಗತ್ತಿನಾದ್ಯಂತ ನಿಯಮ. ಅತ್ತೆ ಸೀರೆಯ ಮೇಲೆ ಕಿತ್ತಳೆ ಜಾಕೆಟ್ ಬಿಗಿದು ಎಲ್ಲರಿಗಿಂತ ಮುಂದೆ ನಿಂತಿದ್ದಾರೆ.

ಕೋಣೆ. ಬಾಗಿಲು ತೆಗೆದರೆ ಎರಡು ಮಂಚ, ಒಂದು ಕನ್ನಡಿ, ತಿರುಗಲು ಒಂದಿಷ್ಟು ಜಾಗ. ಬಚ್ಚಲಿನಲ್ಲಿ ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ. ಷವರಿನ ಕೆಳಗೆ ಮೊಳಕೈ ಮಡಿಸಿಕೊಂಡೇ ಸ್ನಾನ. ಅಕ್ಕ ಬ್ಯಾಗಿನ ತಳದಿಂದ ಹಸಿರು ಪ್ಲಾಸ್ಟಿಕ್ ಮಗ್ಗೊಂದನ್ನು ಹೊರತೆಗೆಯುತ್ತಾಳೆ. ಮುಂದಿನ ದಿನಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಆ ಮಗ್ಗು ಮತ್ತು ಒಂದು ಸೋಪಿನ ತುಂಡು. ಒಳಬಟ್ಟೆಗಳನ್ನು ಬೇಸಿನ್ನಿನಲ್ಲೇ ಜಾಲಿಸಿ ಬಚ್ಚಲಲ್ಲಿ ಹರವಿದರೆ ಆಯಿತು, ಒಂದೊಂದು ಬಟ್ಟೆಗೂ ಬೇರೆ ಬೇರೆ ದುಡ್ಡು ಕೇಳುವ ಲಾಂಡ್ರಿಯ ಹಂಗಿಲ್ಲ. ಸಾಕೆಟ್ಟಿಗೆ ನಮ್ಮ ಮೂರು ಕಡ್ಡಿಯ ಪ್ಲಗ್ ಹಿಡಿಸದೇ ಇರಬಹುದೆಂದು ಹುಡುಗಿ ಅಡಾಪ್ಟರ್ ತಂದಿದ್ದಾಳೆ.

ಮುಂಬೈನ ದೀಪಗಳು ಹಿಂದೆ ಸರಿಯುತ್ತಿವೆ. ಮೊಬೈಲಿನ ಸಿಗ್ನಲ್ ಕಡ್ಡಿ ಒಂದೊಂದೇ ಕಳಚಿ ಬೀಳುತ್ತದೆ. ಈಗಲೇ ಏರೋಪ್ಲೇನ್ ಮೋಡಿಗೆ ಹಾಕಿಬಿಡಬೇಕು. ಇಲ್ಲದಿದ್ದರೆ ಫೋನು ತಾನಾಗಿ ಹಡಗಿನ ಉಪಗ್ರಹ ಜಾಲ ಹಿಡಿದು, ಮಾತಾಡದಿದ್ದರೂ ಊರಿಗೆ ಬಂದ ಮೇಲೆ ಬಿಲ್ಲು ಮಾತಾಡೀತು. ಗೂಗಲ್‌ಪೇ, ಫೋನ್‌ಪೇ ಎಲ್ಲ ಇಲ್ಲಿ ಸ್ತಬ್ಧ. ಹೊರಡುವ ಮೊದಲೇ ಊರಿಗೆ ಫೋನು ಮಾಡಿ "ಇಷ್ಟು ದಿನ ಸಿಗಲ್ಲ, ಗಾಬರಿ ಬೀಳ್ಬೇಡಿ" ಅಂದುಬಿಟ್ಟಿದ್ದೇವೆ.

ಊಟದ ಕಡೆ ಚಿಂತೆಯಿಲ್ಲ. ದೊಡ್ಡ ಸಭಾಂಗಣದ ಬಫೆ ಟಿಕೆಟ್ಟಿನಲ್ಲೇ ಸೇರಿದೆ, ಸಸ್ಯಾಹಾರಕ್ಕೂ ಜೈನ ಊಟಕ್ಕೂ ಕೊರತೆಯಿಲ್ಲ. ಬಾಗಿಲು ತೆರೆದ ಮೊದಲ ಅರ್ಧ ಗಂಟೆ ಜಾತ್ರೆ. ಅದು ಇಳಿದ ಮೇಲೆ ಹೋದರೆ ಕಿಟಕಿ ಪಕ್ಕದ ಮೇಜು ಸಿಗುತ್ತದೆ. ಬಾಗಿಲಲ್ಲಿ ಕೈ ತೊಳೆಸುವವರನ್ನು ತಪ್ಪಿಸಿ ಒಳನುಗ್ಗುವವರಿದ್ದಾರೆ. ಸಾವಿರಾರು ಜನ ಒಂದೇ ಸೌಟು ಹಿಡಿಯುವ ಜಾಗದಲ್ಲಿ ವಾಂತಿ ಭೇದಿ ಹಬ್ಬಲು ಒಂದು ಕೈ ಸಾಕು. ಅನ್ನ, ಸಾರು, ಮೊಸರು ಸಿಕ್ಕಿದ ಕೂಡಲೇ ಅತ್ತೆಗೆ ಹಡಗು ಒಪ್ಪಿಗೆಯಾಗುತ್ತದೆ. ದುಡ್ಡು ಹರಿಯುವುದು ಊಟದ ಪಕ್ಕದಲ್ಲಿ: ಕೇಳದೆಯೇ ಮೇಜಿಗೆ ಬರುವ ಬಾಟಲಿ ನೀರು, ಈಜುಕೊಳದ ಪಕ್ಕದ ಛತ್ರಿ ಚುಚ್ಚಿದ ಲೋಟ, ಹೊಳೆಯುವ ಕ್ಯಾಸಿನೊ, ಹತ್ತುವಾಗಲೇ ಕ್ಲಿಕ್ಕಿಸಿ ಗೋಡೆಗೆ ಹಚ್ಚಿದ ನಮ್ಮದೇ ಫೋಟೋ. ಫೋಟೋ ನೋಡುವುದಕ್ಕೆ ದುಡ್ಡಿಲ್ಲ, ತೆಗೆದುಕೊಂಡರೆ ಮಾತ್ರ. ಅಕ್ಕ ಮೂರು ಸಲ ಹೋಗಿ ನೋಡಿ ಬರುತ್ತಾಳೆ. ಕಡೆಗೆ ಒಂದು ಕೊಳ್ಳುತ್ತಾಳೆ. ಭಾವ ಸುಮ್ಮನಿರುತ್ತಾರೆ, ಅದಕ್ಕೂ ಚೀಟಿಯಲ್ಲಿ ಜಾಗವಿತ್ತು. ರಾತ್ರಿಯ ನಾಟಕ, ಹಾಡು, ಜಾದೂ ಬಹುಪಾಲು ಬಿಟ್ಟಿ. ಮಲಗುವ ಮುನ್ನ ಕೌಂಟರಿಗೆ ಹೋಗಿ ಆ ದಿನದ ಲೆಕ್ಕ ಕೇಳಿ ಬರುವುದು ಭಾವನ ದಿನಚರಿ.

ರಾತ್ರಿ ಹಡಗು ತೂಗುತ್ತದೆ. ಹುಡುಗಿಗೆ ಹೊಟ್ಟೆ ತೊಳಸುತ್ತಿದೆ. ಮಾತ್ರೆ ನುಂಗಬೇಕಾದದ್ದು ತೊಳಸುವ ಮೊದಲು, ಅದೂ ನಮ್ಮೂರ ಡಾಕ್ಟರನ್ನು ಕೇಳಿ ತಂದದ್ದು. ಬೇಡವೆಂದಿದ್ದಳು. ಈಗ ಡೆಕ್ಕಿಗೆ ಕರೆದುಕೊಂಡು ಹೋಗಿ ಗಾಳಿಗೆ ಕೂರಿಸಿದ್ದೇವೆ, ಬಾಯಲ್ಲಿ ಒಣಶುಂಠಿ. ದೂರದಲ್ಲಿ ಮೀನು ದೋಣಿಗಳ ದೀಪದ ಸಾಲು. ಅದನ್ನೇ ನೋಡುತ್ತಾ ನೋಡುತ್ತಾ ಅವಳಿಗೆ ಹಸಿವಾಗುತ್ತದೆ.

ಲಕ್ಷದ್ವೀಪದ ಅಗತ್ತಿ. ನೀರಿನ ಬಣ್ಣ ನೋಡಿ ಎಲ್ಲರೂ ಮಾತು ನಿಲ್ಲಿಸುತ್ತಾರೆ. ಹವಳದ ದಿಬ್ಬದೊಳಗೆ ಆಳ ಕಡಿಮೆ, ಹಡಗು ಹೊರಗೇ ನಿಲ್ಲುತ್ತದೆ; ದ್ವೀಪದವರ ಸಣ್ಣ ದೋಣಿಗಳು ನಮ್ಮನ್ನು ಕರೆದೊಯ್ಯಬೇಕು. ಹಡಗಿನ ಹೊಟ್ಟೆಯ ಬಾಗಿಲು ತೆರೆದಿದೆ. ಕೆಳಗೆ ದೋಣಿ ಮೇಲೇಳುತ್ತದೆ, ಇಳಿಯುತ್ತದೆ, ಮತ್ತೆ ಏಳುತ್ತದೆ. ಇಬ್ಬರು ಅತ್ತೆಯ ಎರಡೂ ತೋಳು ಹಿಡಿದಿದ್ದಾರೆ. ಏಳಲಿ, ಏಳಲಿ, ಈಗ! ಕಾಲಿಟ್ಟುಬಿಟ್ಟರು. "ಹರಿಗೋಲಿಗಿಂತ ವಾಸಿ ಕಣೇ" ಅನ್ನುತ್ತಾರೆ ಅಕ್ಕನಿಗೆ, ಕೂತ ಮೇಲೆ. ಇಲ್ಲಿನ ಪ್ರವಾಸವನ್ನು ಮೊದಲೇ ಕೊಂಡದ್ದು ಸರಿ, ಹೊರಗೆ ಬೇರೆ ದಾರಿಯಿಲ್ಲ. ಗೋವಾದಂಥ ಬಂದರಿನಲ್ಲಾದರೆ ನಾಲ್ಕು ಜನ ಸೇರಿ ಟ್ಯಾಕ್ಸಿ ಮಾಡುವುದೇ ಅಗ್ಗ; ವಾಪಸ್ ಹತ್ತುವ ಸಮಯಕ್ಕಿಂತ ಒಂದು ಗಂಟೆ ಮೊದಲೇ ಬಂದರಿನಲ್ಲಿದ್ದರಾಯಿತು. ಅಲೆ ಜೋರಾಗಿದ್ದರೆ ಅಗತ್ತಿಯಲ್ಲಿ ಇಳಿಸುವುದೇ ಇಲ್ಲ, ಆಗ ಆ ಹಣ ವಾಪಸ್ಸೋ ಇಲ್ಲವೋ ಎಂಬುದನ್ನು ಭಾವ ಜಗಲಿಯಲ್ಲೇ ಕೇಳಿಟ್ಟುಕೊಂಡಿದ್ದರು.

ತೆಂಗಿನ ನೆರಳಲ್ಲಿ ಎಳನೀರು ಕುಡಿಯುತ್ತಾ ಭಾವ ಮೈಸೂರಿನ ಮಾತು ತೆಗೆಯುತ್ತಾರೆ. ಇಲ್ಲಿಂದ ಈಶಾನ್ಯಕ್ಕಿರುವ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ದ್ವೀಪಗಳು 1780ರ ದಶಕದಲ್ಲಿ ಟಿಪ್ಪುವಿನ ಆಳ್ವಿಕೆಗೆ ಸೇರಿದವು; 1799ರ ನಂತರ ಬ್ರಿಟಿಷರ ಕೈಗೆ ಹೋಗಿ, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಈಗಲೂ ಮಂಗಳೂರಿನ ಹಳೇ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳು ಈ ದ್ವೀಪಗಳಿಗೆ ಸರಕು ಒಯ್ಯುತ್ತವೆ.

ಕೊನೆಯ ರಾತ್ರಿ. ದೊಡ್ಡ ಬ್ಯಾಗುಗಳನ್ನು ಚೀಟಿ ಕಟ್ಟಿ ಬಾಗಿಲ ಹೊರಗಿಡಬೇಕು. ಬೆಳಿಗ್ಗೆ ಉಡುವ ಬಟ್ಟೆ, ಚಪ್ಪಲಿ ಒಳಗೇ ಉಳಿದಿವೆಯೇ ಎಂದು ಅಕ್ಕ ಎರಡೆರಡು ಸಲ ನೋಡುತ್ತಾಳೆ. ಕೌಂಟರಿನ ಮುಂದೆ ಹನುಮಂತನ ಬಾಲದಂಥ ಸಾಲಾಗುವ ಮೊದಲೇ ಭಾವ ಲೆಕ್ಕ ಮುಗಿಸಿ ಬಂದಿದ್ದಾರೆ. ಕುಡಿಯದ ಎರಡು ತಂಪು ಪಾನೀಯ ಬಿಲ್ಲಿನಲ್ಲಿದ್ದವು. ಕೇಳಿದ ಕೂಡಲೇ ತೆಗೆದರು. ಕೇಳದಿದ್ದರೆ ಹಾಗೇ ಉಳಿಯುತ್ತಿದ್ದವು. ಜಗಲಿಯ ಚೀಟಿಗೂ ಈ ಬಿಲ್ಲಿಗೂ ಇರುವ ವ್ಯತ್ಯಾಸ ಅಕ್ಕನ ಫೋಟೋದಷ್ಟೂ ಇಲ್ಲ.

ಬೆಳಿಗ್ಗೆ ಮುಂಬೈ ಮುಟ್ಟಿದರೂ ಅಂತಸ್ತಿನ ಪ್ರಕಾರ ಕರೆದು, ಇಳಿಸಿ, ಬ್ಯಾಗು ಹುಡುಕಿಸಿ ಹೊರಬಿಡುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಆದ್ದರಿಂದ ನೀವು ಹೊರಡುವುದಾದರೆ ದಯವಿಟ್ಟು ಆ ದಿನ ಬೆಳಗಿನ ರೈಲಿಗೆ ಟಿಕೆಟ್ ಮಾಡಿಸಬೇಡಿ, ರಾತ್ರಿಯದಕ್ಕೆ ಮಾಡಿಸಿ. ಹಡಗು ತಡವಾಯಿತೆಂದು ರೈಲ್ವೆಯವರು ದುಡ್ಡು ವಾಪಸ್ ಕೊಡುವುದಿಲ್ಲ.