ಕೋಲೂ ಕಾಲವೂ

ವೇಗವನ್ನು ಗುಣವೆಂದೂ ನಿಧಾನವನ್ನು ದೋಷವೆಂದೂ ಎಣಿಸುವುದು ಈ ಕಾಲದ ರೂಢಿ. 2023ರಲ್ಲಿ ತೆರೆದ ಬೆಂಗಳೂರು ಮೈಸೂರು ಹೆದ್ದಾರಿಯು ರಾಮನಗರವನ್ನೂ ಚನ್ನಪಟ್ಟಣವನ್ನೂ ಬದಿಗಿರಿಸಿ ಸಾಗುವುದು. ಅದರ ಮೇಲೆ ಹೋಗುವವರಿಗೆ ಈ ಊರುಗಳ ಮುಖವೇ ಕಾಣದು. ಪ್ರಯಾಣಕ್ಕೆ ಇದು ಅನುಕೂಲವೇ ಸರಿ. ಆದರೆ ಒಂದು ವಿದ್ಯೆಯನ್ನು ಕೈಗೆ ಹತ್ತಿಸಿಕೊಳ್ಳಬೇಕೆನ್ನುವವನಿಗೆ ಇಂತಹ ದಾರಿ ಒದಗುವುದಿಲ್ಲ. ಅವನು ಊರೂರನ್ನೂ ಹೊಕ್ಕು, ತಿರುವು ತಿರುವಿನಲ್ಲಿಯೂ ನಿಂತು, ನೋಡಿಕೊಂಡು ಹೋಗತಕ್ಕವನು. ಈ ಮಾತಿಗೆ ದೃಷ್ಟಾಂತವನ್ನು ಸಂಗೀತದಿಂದಲೋ ವೇದಾಧ್ಯಯನದಿಂದಲೋ ತೆಗೆದುಕೊಳ್ಳುವುದು ವಾಡಿಕೆ. ಅದಕ್ಕಿಂತ ಮೊದಲು, ವಾಚಕರಲ್ಲಿ ಅನೇಕರು ದೂರದಿಂದ ಮಾತ್ರ ಬಲ್ಲ ಗಾಲ್ಫ್ ಎಂಬ ಆಟದಿಂದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು.

ಗಾಲ್ಫ್ ಸ್ಕಾಟ್ಲೆಂಡಿನಲ್ಲಿ ಬೆಳೆದ ಆಟ. ಆಂಗ್ಲರೊಡನೆ ಇತ್ತ ಬಂದು, 1829ರಲ್ಲಿ ಕಲ್ಕತ್ತೆಯಲ್ಲಿಯೂ 1876ರಲ್ಲಿ ಬೆಂಗಳೂರಿನಲ್ಲಿಯೂ ಸಂಘ ಕಟ್ಟಿಕೊಂಡಿತು. 46 ಗ್ರಾಮು ಮೀರದ ತೂಕದ, ನಿಂಬೆಯ ಹಣ್ಣಿನ ಗಾತ್ರದ ಚೆಂಡೊಂದು ಹುಲ್ಲಿನ ಮೇಲೆ ಅಲುಗಾಡದೆ ಕುಳಿತಿರುವುದು. ಅದನ್ನು ಕೋಲಿನಿಂದ ಹೊಡೆದು ಹೊಡೆದು, ನೂರಾರು ಗಜಗಳಾಚೆಯ ನಾಲ್ಕೂಕಾಲು ಅಂಗುಲದ ಕುಳಿಗೆ ಇಳಿಸಬೇಕು. ಇಂತಹ ಕುಳಿಗಳು ಹದಿನೆಂಟು. ಎಲ್ಲವನ್ನೂ ಕಡಮೆ ಹೊಡೆತಗಳಲ್ಲಿ ಮುಗಿಸಿದವನೇ ಗೆದ್ದವನು. 2021ರಲ್ಲಿ ಟೋಕಿಯೋ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಯಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಅವರು ನಾಲ್ಕು ದಿನಗಳ ಕಾಲ ಆಡಿ ನಾಲ್ಕನೆಯವರಾದರು. ಪದಕಕ್ಕೂ ಅವರಿಗೂ ನಡುವೆ ಇದ್ದ ಅಂತರ ಒಂದೇ ಹೊಡೆತ. ಒಂದೊಂದು ಬೀಸಿಗೂ ಎಷ್ಟು ಬೆಲೆಯೆಂಬುದು ಇದರಿಂದ ತಿಳಿಯುವುದು.

ಕುಳಿತ ಚೆಂಡನ್ನು ಹೊಡೆಯುವುದರಲ್ಲಿ ಏನು ಕಷ್ಟವೆಂದು ಯಾರಾದರೂ ಕೇಳಬಹುದು. ಕಷ್ಟವಿರುವುದು ಕಾಲದಲ್ಲಿ. ನುರಿತ ಆಟಗಾರನು ಕೋಲನ್ನು ಹಿಂದಕ್ಕೂ ಮೇಲಕ್ಕೂ ಎತ್ತಲು ಮುಕ್ಕಾಲು ಸೆಕೆಂಡಿನಷ್ಟು ಕಾಲವನ್ನೂ, ಅಲ್ಲಿಂದ ಚೆಂಡಿನವರೆಗೆ ಇಳಿಸಲು ಕಾಲು ಸೆಕೆಂಡಿನಷ್ಟು ಕಾಲವನ್ನೂ ತೆಗೆದುಕೊಳ್ಳುವನು. ಕೋಲು ಚೆಂಡನ್ನು ಮುಟ್ಟಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಕೈಯಲ್ಲಾದ ತಪ್ಪನ್ನು ಮನಸ್ಸು ಅರಿತು, ತಿದ್ದುವ ಅಪ್ಪಣೆಯನ್ನು ಮರಳಿ ಕೈಗೆ ಕಳುಹಿಸುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಕಳೆದಿರುವುದು. ಅಪ್ಪಣೆ ಬಂದು ಮುಟ್ಟುವ ವೇಳೆಗೆ ಚೆಂಡು ಹೋಗಿಯಾಯಿತು. ಆದುದರಿಂದ ಇಳಿಯುವ ಕೋಲನ್ನು ನಡುದಾರಿಯಲ್ಲಿ ತಿದ್ದುವುದು ಮನುಷ್ಯನಿಂದ ಆಗದ ಕೆಲಸ. ತಿದ್ದುವುದೇನಿದ್ದರೂ ಮುಂಚೆಯೇ ಆಗಿರಬೇಕು, ಅಭ್ಯಾಸದಲ್ಲಿ ಆಗಿರಬೇಕು. ವೇಗದಿಂದಲೇ ಅಭ್ಯಾಸ ಮಾಡುವವನು ತನ್ನ ತಪ್ಪನ್ನು ಕಾಣಲಾರನು. ಕಾಣದ ತಪ್ಪನ್ನು ನೂರು ಸಲ ಮಾಡಿ ಅದನ್ನೇ ಗಟ್ಟಿ ಮಾಡಿಕೊಳ್ಳುವನು.

ಇದಕ್ಕೆ ಬಲ್ಲವರು ಕಂಡುಕೊಂಡ ಉಪಾಯವೇ ನಿಧಾನದ ಬೀಸು. ಚೆಂಡಿಲ್ಲದೆ, ಕೋಲನ್ನು ಮಾತ್ರ ಹಿಡಿದು, ಒಂದು ಸೆಕೆಂಡಿನ ಕೆಲಸವನ್ನು ಇಪ್ಪತ್ತು ಎಣಿಕೆಗಳಿಗೆ ಹಿಗ್ಗಿಸಬೇಕು. ಎಲ್ಲವನ್ನೂ ಸಮನಾಗಿ ಹಿಗ್ಗಿಸಬೇಕೆಂಬುದು ಇಲ್ಲಿನ ಮುಖ್ಯ ನಿಯಮ. ಎತ್ತುವುದು ಮೂರು ಪಾಲು, ಇಳಿಸುವುದು ಒಂದು ಪಾಲು ಎಂಬ ಅನುಪಾತವನ್ನು ಕೆಡಿಸಬಾರದು. ಹದಿನೈದು ಎಣಿಕೆ ಮೇಲಕ್ಕೆ, ಐದು ಎಣಿಕೆ ಕೆಳಕ್ಕೆ. ಎತ್ತುವಾಗ ಭುಜವು ಎಷ್ಟು ತಿರುಗಿತು, ದೇಹದ ಭಾರವು ಬಲಗಾಲಿಗೆ ಬಂದಿತೆ, ಮಣಿಕಟ್ಟು ಯಾವಾಗ ಮಡಿಯಿತು ಎಂಬುದನ್ನು ಗಮನಿಸಬೇಕು. ಇಳಿಸುವಾಗಲಂತೂ ಕ್ರಮವೇ ಸರ್ವಸ್ವ. ಮೊದಲು ಭಾರವು ಎಡಗಾಲಿಗೆ ಸರಿಯಬೇಕು. ಆಮೇಲೆ ಸೊಂಟ, ಅದರ ಹಿಂದೆ ಎದೆ, ಅದರ ಹಿಂದೆ ತೋಳು, ಕೊನೆಗೆ ಕೋಲಿನ ತುದಿ. ಹೊಸಬರಲ್ಲಿ ಬಹುಮಂದಿ ಹೊಡೆಯುವ ಆತುರದಿಂದ ಭುಜವನ್ನು ಮೊದಲು ಎಸೆಯುವರು. ಆಗ ಕೋಲು ಚೆಂಡನ್ನು ಅಡ್ಡವಾಗಿ ಸವರುವುದು. ಚೆಂಡು ಗಿರಗಿರನೆ ತಿರುಗುತ್ತ ಬಲಗಡೆಯ ಪೊದೆಗೆ ಹೋಗಿ ಬೀಳುವುದು. ವೇಗದಲ್ಲಿ ಯಾರ ಕಣ್ಣಿಗೂ ಬೀಳದ ಈ ಕ್ರಮಭಂಗವು ನಿಧಾನದಲ್ಲಿ ಆಡುವವನಿಗೇ ತಿಳಿದುಬರುವುದು.

ನಿಧಾನವೆಂದರೆ ಸುಲಭವೆಂದು ಭಾವಿಸಬಾರದು. ಶಾಲೆಯ ಕ್ರೀಡಾದಿನಗಳಲ್ಲಿ ನಡೆಯುವ ನಿಧಾನ ಸೈಕಲ್ ಪಂದ್ಯವನ್ನು ನೋಡಿದವರಿಗೆ ಇದು ಗೊತ್ತು. ಬಿರುಸಾಗಿ ತುಳಿಯುವಾಗ ಸೈಕಲ್ ತಾನೇ ನೆಟ್ಟಗೆ ನಿಲ್ಲುವುದು. ಮೆಲ್ಲಗೆ ತುಳಿಯುವಾಗ ಸವಾರನು ಅದನ್ನು ನಿಲ್ಲಿಸಿಕೊಳ್ಳಬೇಕು. ಹಾಗೆಯೇ ವೇಗದ ಬೀಸಿನಲ್ಲಿ ಮುಚ್ಚಿಹೋಗುವ ಸಮತೋಲದ ಕೊರತೆಯು ನಿಧಾನದ ಬೀಸಿನಲ್ಲಿ ಬಯಲಾಗುವುದು. ಮೊಣಕಾಲು ನಡುಗುವುದು, ಉಸಿರು ಕಟ್ಟುವುದು, ಹೆಬ್ಬೆರಳು ನೆಲವನ್ನು ತಡಕುವುದು. ಅಮೆರಿಕದ ಬಾಬಿ ಜೋನ್ಸ್ ಎಂಬ ಪ್ರಸಿದ್ಧ ಆಟಗಾರನು 1931ರಲ್ಲಿ ತನ್ನ ಆಟವನ್ನು ಚಲಚ್ಚಿತ್ರಗಳಲ್ಲಿ ತೋರಿಸಿಕೊಟ್ಟಾಗ, ಯಂತ್ರದ ಮೂಲಕ ನಿಧಾನಗೊಳಿಸಿದ ದೃಶ್ಯಗಳೂ ಅವುಗಳಲ್ಲಿ ಸೇರಿದ್ದುವು. ಬರಿಗಣ್ಣಿಗೆ ಮಿಂಚಿನಂತೆ ತೋರುತ್ತಿದ್ದುದನ್ನು ಜನರು ಆಗ ಅಂಗ ಅಂಗವಾಗಿ ಕಂಡರು. ಚಿತ್ರದಲ್ಲಿ ಯಂತ್ರವು ಮಾಡಿದ ಕೆಲಸವನ್ನು ಅಭ್ಯಾಸದಲ್ಲಿ ಸ್ವಂತ ಶರೀರವೇ ಮಾಡಬೇಕು, ಭೇದವಿಷ್ಟೆ.

ಇದು ಪಶ್ಚಿಮದವರ ಹೊಸ ಶೋಧನೆಯೆಂದು ತಿಳಿಯಲು ಕಾರಣವಿಲ್ಲ. ಶಿಕ್ಷೆಯೆಂಬ ವೇದಾಂಗದ ಗ್ರಂಥಗಳಲ್ಲಿ ಉಚ್ಚಾರಣೆಗೆ ದ್ರುತ, ಮಧ್ಯಮ, ವಿಲಂಬಿತವೆಂದು ಮೂರು ವೃತ್ತಿಗಳನ್ನು ಹೇಳಿ, ಒಂದೊಂದಕ್ಕೂ ಬೇರೆ ಬೇರೆ ವಿನಿಯೋಗವನ್ನು ಗೊತ್ತುಮಾಡಿದೆ. ಶಿಷ್ಯರಿಗೆ ಪಾಠ ಹೇಳುವಾಗ ವಿಲಂಬಿತ, ಪ್ರಯೋಗದಲ್ಲಿ ಮಧ್ಯಮ, ಕಲಿತುದನ್ನು ಮರಳಿ ಮರಳಿ ಆವೃತ್ತಿ ಮಾಡುವಾಗ ದ್ರುತ. ನಿಧಾನವನ್ನು ಇಲ್ಲಿ ಮಂದಮತಿಗಳಿಗಾಗಿ ಇಟ್ಟಿಲ್ಲ. ಉಪದೇಶದ ಸ್ಥಾನದಲ್ಲಿ ಇಟ್ಟಿದೆ. ತಪ್ಪನ್ನು ಕೇಳಲೂ ತಿದ್ದಲೂ ಅವಕಾಶವಿರುವುದು ಆ ಒಂದು ವೃತ್ತಿಯಲ್ಲಿಯೇ. ಆದರೆ ಅಲ್ಲಿಯೇ ನಿಲ್ಲಬೇಕೆಂದೂ ಶಾಸ್ತ್ರವು ಹೇಳಲಿಲ್ಲ. ಸಂಗೀತದಲ್ಲಿಯೂ ಹೀಗೆಯೇ. ಪುರಂದರದಾಸರು ಹಾಕಿಕೊಟ್ಟರೆಂದು ಹೇಳುವ ಸರಳೆ ವರಸೆಗಳನ್ನು ಇಂದಿಗೂ ಮಕ್ಕಳು ಮೂರು ಕಾಲಗಳಲ್ಲಿ ಹಾಡುವರು. ಕಾಲ ಏರಿದಂತೆ ಸ್ವರಗಳು ಇಮ್ಮಡಿಯಾಗುವುವು. ತಾಳದ ಪೆಟ್ಟು ಮಾತ್ರ ಕದಲದು. ಗಾಲ್ಫಿನವರ ಮೂರಕ್ಕೆ ಒಂದೆಂಬ ಅನುಪಾತವೂ ಇಂತಹ ತಾಳವೇ.

ಈ ವಿಚಾರವು ಪುಸ್ತಕದ ಮಾತಾಗಿ ಉಳಿಯದೆ ಒಂದು ಮನೆಯ ಅನ್ನದ ಪ್ರಶ್ನೆಯಾದುದನ್ನು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಲ್ಲಿ ಕಾಣಬಹುದು. ಅಲ್ಲಿನ ರೇಷ್ಮೆ ಬೆಳೆಯುವ ಮನೆಯೊಂದರ ಹುಡುಗನು ಬಿಡದಿಯ ಕಡೆಯ ಗಾಲ್ಫ್ ಮೈದಾನವೊಂದರಲ್ಲಿ ಆಟಗಾರರ ಕೋಲುಚೀಲ ಹೊರುವ ಕ್ಯಾಡಿಯಾಗಿ ಸೇರಿದನು. ಆ ಸೀಮೆಯಲ್ಲಿ ಇಂತಹ ಹುಡುಗರಿಗೆ ಕನಸು ಕಾಣಲು ಕಾರಣವುಂಟು. ಬಿಡದಿಯ ಸಮೀಪದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪನವರು ಬಾಲ್ಯದಲ್ಲಿಯೇ ಅಲ್ಲಿನ ಈಗಲ್‌ಟನ್ ಮೈದಾನವನ್ನು ಹೊಕ್ಕು, ವಿಜಯ್ ದಿವೇಚಾ ಎಂಬ ಶಿಕ್ಷಕರ ಕೈಯಲ್ಲಿ ಪಳಗಿ, ದೇಶದ ವೃತ್ತಿಪರ ಪಂದ್ಯಗಳಲ್ಲಿ ಹಲವು ಸಲ ಗೆದ್ದುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಅಕ್ಕೂರಿನ ಹುಡುಗನಿಗೆ ಶಿಕ್ಷಕರಿಗೆ ಕೊಡಲು ಹಣವಿರಲಿಲ್ಲ, ಹೊಡೆಯಲು ಚೆಂಡುಗಳಿರಲಿಲ್ಲ, ಹೊಡೆದರೆ ಬೀಳಲು ಬಯಲೂ ಇರಲಿಲ್ಲ. ಇದ್ದುದು ಯಾರೋ ಕೊಟ್ಟ ಹಳೆಯ ಕೋಲೊಂದು, ಮನೆಯ ಮುಂದಿನ ಅಂಗಳ, ಸಂಜೆಯ ಒಂದು ಗಂಟೆ. ಹಿರಿಯ ಕ್ಯಾಡಿಯೊಬ್ಬನು ಹೇಳಿಕೊಟ್ಟ ನಿಧಾನದ ಬೀಸು ಈ ಮೂರರೊಳಗೆ ಅಡಗುವಂತಹುದಾಗಿತ್ತು. ಹಣವಿಲ್ಲದವನು ಮಾಡಬಹುದಾದ ಗಾಲ್ಫಿನ ಅಭ್ಯಾಸವೆಂದರೆ ಇದೊಂದೇ ಎಂದರೂ ಸಲ್ಲುವುದು.

ಮನೆಯವರಿಗೆ ಇದು ವಿಚಿತ್ರವಾಗಿ ಕಂಡಿತು. ಮುಂಜಾನೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಬಸ್ಸಿನಲ್ಲಿ ಬಿಡದಿಗೆ ಹೋಗಿ ಬಂದ ಹುಡುಗನು ಸಂಜೆ ಅಂಗಳದಲ್ಲಿ ಕೋಲು ಹಿಡಿದು, ನಿದ್ದೆಯಲ್ಲಿ ನಡೆಯುವವನಂತೆ ಒಂದೊಂದು ಅಂಗುಲವಾಗಿ ತಿರುಗುವನು. ನೆರೆಯವರು ಬೇಲಿಯ ಮೇಲಿನಿಂದ ನೋಡಿ ನಗುವರು. “ಏನು ಮಾಡ್ತಿದ್ದೀಯೋ ಮಗ?” ಎಂದು ಅಜ್ಜಿ ಕೇಳಿದಳು. “ಬೀಸೋದು ಕಲೀತಿದ್ದೀನಿ ಅಜ್ಜಿ” ಎಂದನು. ರಾಗಿಯ ಕಲ್ಲನ್ನು ನಲವತ್ತು ವರ್ಷ ತಿರುಗಿಸಿದ ಅಜ್ಜಿಗೆ ಬೀಸುವುದೆಂದರೆ ಒಂದೇ ಅರ್ಥ. “ಹಂಗಾದ್ರೆ ನಿಧಾನಕ್ಕೇ ಬೀಸು. ಬಿರುಸು ಮಾಡಿದ್ರೆ ಹಿಟ್ಟು ತರಿಯಾಯ್ತದೆ” ಎಂದು ಹೇಳಿ ಒಳಕ್ಕೆ ಹೋದಳು. ತಂದೆಯು ಮಾತ್ರ ಮೌನವಾಗಿದ್ದನು. ಸೊಪ್ಪು ಕೊಯ್ಯುವ ಆಳಿನ ಕೂಲಿ ಏರಿತ್ತು. ಮಗನು ಮನೆಯಲ್ಲಿ ನಿಂತರೆ ಒಂದು ಕೂಲಿ ಉಳಿಯುತ್ತಿತ್ತು.

ಮೈದಾನದಲ್ಲಿ ವಾರಕ್ಕೊಂದು ದಿನ ಕ್ಯಾಡಿಗಳಿಗೂ ಆಡಲು ಬಿಡುವುದುಂಟು. ನಾಲ್ಕು ತಿಂಗಳ ಅಭ್ಯಾಸದ ಬಳಿಕ ಹುಡುಗನು ಅಲ್ಲಿ ಚೆಂಡಿಟ್ಟು ಬೀಸಿದನು. ಅದು ಎಂದಿನಂತೆ ಬಲಗಡೆಯ ಪೊದೆಗೆ ಹೋಗಲಿಲ್ಲ, ನೆಟ್ಟಗೆ ಹೋಯಿತು. ಆದರೆ ಉಳಿದವರ ಚೆಂಡು ಹೋದ ದೂರದಲ್ಲಿ ಅರ್ಧಕ್ಕೇ ಬಿದ್ದಿತು. ಮತ್ತೆ ಹೊಡೆದನು, ಮತ್ತೆ ಹಾಗೆಯೇ. ಬಲವನ್ನು ಕೂಡಿಸಿ ಹೊಡೆದಾಗ ಹಳೆಯ ಭುಜದ ಆತುರವು ಮರಳಿ ಬಂದು, ಚೆಂಡು ಪೊದೆಯನ್ನೇ ಹುಡುಕಿಕೊಂಡು ಹೋಯಿತು. ಆ ಸಂಜೆ ಅವನು ಕೋಲನ್ನು ಅಟ್ಟದ ಮೇಲೆ ಹಾಕಿದನು.

ಇಲ್ಲಿ ನಿಧಾನವನ್ನು ಹೊಗಳುವವರು ಅರಿತಿರಬೇಕಾದ ತತ್ತ್ವವೊಂದಿದೆ. ಪೂರ್ಣವೇಗದಲ್ಲಿ ಬೀಸುವಾಗ ಕೋಲಿನ ತುದಿಯು ಮೂವತ್ತು ನಲವತ್ತು ಕಿಲೋಗ್ರಾಮು ಭಾರದಷ್ಟು ಬಲದಿಂದ ಕೈಗಳನ್ನು ಹೊರಕ್ಕೆ ಸೆಳೆಯುವುದು. ಆ ಸೆಳೆತವು ನಿಧಾನದ ಬೀಸಿನಲ್ಲಿ ಇರುವುದೇ ಇಲ್ಲ. ಆದುದರಿಂದ ನಿಧಾನವು ಸ್ಥಾನವನ್ನೂ ಕ್ರಮವನ್ನೂ ಕಲಿಸಬಲ್ಲುದೇ ಹೊರತು ಭಾರವನ್ನು ತಾಳುವುದನ್ನು ಕಲಿಸಲಾರದು. ಮೊದಲ ಕಾಲದಲ್ಲಿ ಮಾತ್ರ ವರಸೆ ಹಾಡಿದವನು ಮೂರನೆಯ ಕಾಲದಲ್ಲಿ ತೊದಲುವಂತೆ, ನಡುವಿನ ಮೆಟ್ಟಿಲನ್ನು ಬಿಟ್ಟು ಹಾರಿದವನು ಬೀಳುವನು. ಇಪ್ಪತ್ತು ಎಣಿಕೆಯ ಬೀಸು ಹಿಡಿತಕ್ಕೆ ಬಂದ ಮೇಲೆ ಹತ್ತಕ್ಕೆ, ಅದು ಬಂದ ಮೇಲೆ ಐದಕ್ಕೆ, ಕೊನೆಗೆ ಒಂದಕ್ಕೆ ಇಳಿಯಬೇಕು. ಎಲ್ಲಿ ಕ್ರಮ ಕೆಟ್ಟಿತೋ ಅಲ್ಲಿಂದ ಒಂದು ಮೆಟ್ಟಿಲು ಹಿಂದಕ್ಕೆ ಬರಬೇಕು. ಹಿರಿಯ ಕ್ಯಾಡಿಯು ಮರುವಾರ ಹುಡುಗನಿಗೆ ಹೇಳಿದುದೂ ಇದನ್ನೇ. ಅವನ ಮಾತು ಇದಕ್ಕಿಂತ ಚಿಕ್ಕದಾಗಿತ್ತು. “ನೀನು ಬೀಜ ಹಾಕಿದ್ದೀಯ, ನೀರು ಹಾಕಿಲ್ಲ” ಎಂದನಂತೆ.

ಹುಡುಗನು ಅಟ್ಟದಿಂದ ಕೋಲನ್ನು ಇಳಿಸಿದ ದಿನ ತಂದೆಯು ಬಾಯಿ ಬಿಟ್ಟನು. ಮನೆಯಲ್ಲಿ ಆಗ ಹುಳುಗಳು ಜ್ವರಕ್ಕೆ ಕೂತಿದ್ದುವು. ರೇಷ್ಮೆಹುಳುವು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುವುದು. ಅದನ್ನೇ ರೈತರು ಜ್ವರವೆನ್ನುವರು. ಆಗ ಅದು ಸೊಪ್ಪು ಮುಟ್ಟದು, ತಲೆಯೆತ್ತಿಕೊಂಡು ಅಲುಗಾಡದೆ ಕುಳಿತಿರುವುದು. ಅರಿಯದವನು ಸತ್ತಿತೆಂದುಕೊಳ್ಳುವನು. ಅರಿತವನು ತಟ್ಟೆಯ ಮೇಲೆ ಸೊಪ್ಪು ಹಾಕದೆ, ಹುಳುವನ್ನು ಮುಟ್ಟದೆ, ಕಾಯುವನು. ಪೊರೆ ಕಳಚಿ ಎದ್ದ ಹುಳುವು ಮೊದಲಿಗಿಂತ ಹಸಿದಿರುವುದು, ಮೊದಲಿಗಿಂತ ಬೆಳೆಯುವುದು. ತಂದೆಯು ತಟ್ಟೆಗಳ ಕಡೆಗೊಮ್ಮೆ, ಅಂಗಳದ ಕಡೆಗೊಮ್ಮೆ ನೋಡಿ, “ಇವನೂ ಜ್ವರಕ್ಕೆ ಕೂತವ್ನೆ ಅಂದ್ಕೊತೀನಿ. ಇನ್ನು ಎರಡು ಬೆಳೆ ನೋಡಾಣ” ಎಂದನು. ಎರಡು ಬೆಳೆಯೆಂದರೆ ಹೆಚ್ಚು ಕಾಲವಲ್ಲ. ಕೂಲಿಯ ಲೆಕ್ಕದಲ್ಲಿ ಅದು ಚಿಕ್ಕ ಮೊತ್ತವೂ ಅಲ್ಲ. ಎರಡು ಬೆಳೆಗಳು ಕಳೆದು ಮೂರನೆಯದು ಬಂದಾಗ ಅವನು ಆ ಮಾತನ್ನು ನೆನಪಿಸಲಿಲ್ಲ. ಚೆಂಡು ಅಷ್ಟರಲ್ಲಿ ಉಳಿದವರ ಚೆಂಡಿನ ಸಮೀಪಕ್ಕೆ ಹೋಗತೊಡಗಿತ್ತು. ಮುಂದೆ ಆ ಹುಡುಗನು ಪಂದ್ಯಗಳನ್ನು ಗೆಲ್ಲುವನೋ, ಕೋಲುಚೀಲ ಹೊರುತ್ತಲೇ ಇರುವನೋ, ಸೊಪ್ಪು ಕೊಯ್ಯಲು ಮರಳುವನೋ, ಈಗಲೇ ಹೇಳುವಂತಿಲ್ಲ.

ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿಸುವ ಗೃಹಸ್ಥರು ಆಲೋಚಿಸಬೇಕಾದ ಮಾತೊಂದು ಇದರಲ್ಲಿದೆ. ಮಗುವು ಮಗ್ಗಿಯನ್ನು ತಡೆದು ತಡೆದು ಹೇಳಿದರೆ ಸಿಡುಕುವರು. ಪಕ್ಕದ ಮನೆಯ ಹುಡುಗಿ ವೀಣೆಯಲ್ಲಿ ಒಂದೇ ವರಸೆಯನ್ನು ತಿಂಗಳು ಕಾಲ ಮೀಟಿದರೆ ಹಾಸ್ಯಮಾಡುವರು. ಕಲಿಯುವವರಿಗೆ ಶಿಕ್ಷಕರು ಬೇಕು, ಸಾಧನಗಳು ಬೇಕು. ಅವನ್ನು ಒದಗಿಸಲು ಎಲ್ಲರಿಂದಲೂ ಆಗದು. ತಡೆದು ಕಲಿಯುವುದಕ್ಕೆ ಬೇಕಾದ ಕಾಲವನ್ನು ಮಾತ್ರ ಯಾವ ಮನೆಯಾದರೂ ತನ್ನ ಶಕ್ತಿಯಿದ್ದಷ್ಟು ಕೊಡಬಹುದು. ಎರಡು ಬೆಳೆಗಳಷ್ಟಾದರೂ ಕೊಡಬಹುದು.